ಡಿಎಕ್ಸ್7 ಕೀಬೋರ್ಡಿನಲ್ಲಿ ಟೋನ್ ಕಟ್ಟುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಯಮಹಾ ಡಿಎಕ್ಸ್7 ಸುತ್ತಲಿನವು. 1983ರಲ್ಲಿ ಬಂದ ಈ ಕೀಬೋರ್ಡ್ ಈಗ ಸೆಕೆಂಡ್‌ಹ್ಯಾಂಡ್ ಆಗಿ ಮಾತ್ರ ಸಿಗುತ್ತದೆ. ಕೈಯಲ್ಲಿ ಇಲ್ಲದವರು ಕಂಪ್ಯೂಟರಿಗೆ ಡೆಕ್ಸೆಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೂ ಸಾಕು. ಅಲ್ಲಿಯೂ ಅವೇ 6 ಆಪರೇಟರ್‌ಗಳು (ಸೈನ್ ಅಲೆ ಹುಟ್ಟಿಸುವ ಘಟಕಗಳು), ಅವೇ 32 ಅಲ್ಗಾರಿದಮ್‌ಗಳು (ಆಪರೇಟರ್‌ಗಳನ್ನು ಜೋಡಿಸುವ ಕ್ರಮಗಳು), ಅವೇ 0ಯಿಂದ 99ರವರೆಗಿನ ಅಂಕಿಗಳು. ಕೆಳಗೆ ಕೊಟ್ಟಿರುವ ಗುಂಡಿ ಸಂಖ್ಯೆಗಳು ಮೊದಲ ಮಾದರಿಯ ಡಿಎಕ್ಸ್7ಗೆ ಸೇರಿದವು.

ಪ್ರಶ್ನೆ: ಹಳೆಯ ಡಿಎಕ್ಸ್7 ಕೊಂಡೆ. ಆನ್ ಮಾಡಿದರೆ ಬ್ಯಾಟರಿ ಬದಲಿಸಿ ಎಂಬ ಸೂಚನೆ ಬರುತ್ತದೆ. ಕೆಲವು ಟೋನ್‌ಗಳ ಹೆಸರಿನಲ್ಲಿ ಅರ್ಥವಿಲ್ಲದ ಅಕ್ಷರಗಳಿವೆ. ಬೋರ್ಡ್ ಕೆಟ್ಟಿದೆಯೇ? (ಶಿವಮೊಗ್ಗ)

ಉತ್ತರ: ಬೋರ್ಡ್ ಕೆಟ್ಟಿರುವ ಸಾಧ್ಯತೆ ಕಡಿಮೆ. 32 ಟೋನ್‌ಗಳ ನೆನಪನ್ನು ಕಾಯುವುದು ಒಳಗಿನ 3 ವೋಲ್ಟ್‌ನ ಸಿಆರ್2032 ಲಿಥಿಯಂ ಸೆಲ್. ಅದು ಇಳಿದರೆ ನೆನಪು ಕಲಸಿಹೋಗುತ್ತದೆ. ಫಂಕ್ಷನ್ ಗುಂಡಿ ಒತ್ತಿ 14 ಒತ್ತಿದರೆ ಸೆಲ್‌ನ ವೋಲ್ಟೇಜ್ ಕಾಣುತ್ತದೆ. 2.5ಕ್ಕಿಂತ ಕೆಳಗಿದ್ದರೆ ಕಾಯಬೇಡಿ.

ಸೆಲ್ ತೆಗೆದ ಕ್ಷಣಕ್ಕೆ ಉಳಿದ ಟೋನ್‌ಗಳೂ ಹೋಗುತ್ತವೆ. ಹಾಗಾಗಿ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಫಂಕ್ಷನ್‌ನಲ್ಲಿ 8ನೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಮಿಡಿ (ವಾದ್ಯ, ಕಂಪ್ಯೂಟರುಗಳು ಮಾತಾಡಿಕೊಳ್ಳುವ ಪದ್ಧತಿ) ಚಾನೆಲ್, ಸಿಸ್ಟಮ್ ಇನ್ಫರ್ಮೇಷನ್, ಮಿಡಿ ಟ್ರಾನ್ಸ್‌ಮಿಟ್ ಎಂದು ಸರದಿಯಲ್ಲಿ ಬರುತ್ತವೆ. ಎರಡನೆಯದನ್ನು ‘ಅವೈಲಬಲ್’ಗೆ ಬದಲಿಸಿ, ಮೂರನೆಯದಕ್ಕೆ ಯೆಸ್ ಒತ್ತಿ. ಕಂಪ್ಯೂಟರಿನಲ್ಲಿ ಉಳಿದ ಕಡತ ಸರಿಯಾಗಿ 4104 ಬೈಟ್ ಇರಬೇಕು. ಒಂದು ಟೋನ್‌ಗೆ 128 ಬೈಟ್‌ನಂತೆ 32 ಟೋನ್‌ಗೆ 4096, ಜೊತೆಗೆ ಆರಂಭ, ಪರೀಕ್ಷಾ ಮೊತ್ತ ಮತ್ತು ಮುಕ್ತಾಯಕ್ಕೆ 8. ಕಡಿಮೆ ಬಂದಿದ್ದರೆ ನಡುವೆ ಬೈಟ್‌ಗಳು ಬಿದ್ದುಹೋಗಿವೆ ಎಂದರ್ಥ. ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್‌ಗಳು ಇಷ್ಟು ಉದ್ದದ ಸಂದೇಶವನ್ನು ತಡೆದುಕೊಳ್ಳುವುದಿಲ್ಲ, ಸೋರುವುದು ಹೆಚ್ಚಾಗಿ ಅಲ್ಲೇ.

ಸೆಲ್ಲನ್ನು ಬೋರ್ಡಿಗೆ ಬೆಸೆದಿರುತ್ತಾರೆ. ಹೊಸ ಸೆಲ್ಲಿಗೆ ನೇರವಾಗಿ ಬೆಸುಗೆಯ ಐರನ್ ತಾಗಿಸಬೇಡಿ, ಬಿಸಿಗೆ ಅದು ಸಿಡಿಯಬಹುದು. ಹಳೆಯದನ್ನು ಬಿಚ್ಚಿದ ಜಾಗಕ್ಕೆ ಸಿಆರ್2032 ಹೋಲ್ಡರ್ ಬೆಸೆಯಿಸಿ, ಸೆಲ್ಲನ್ನು ಆಮೇಲೆ ಕೂರಿಸಿ. ಮುಂದಿನ ಸಲ ಐರನ್ನೇ ಬೇಕಾಗುವುದಿಲ್ಲ. ಧನ ಋಣ ಗುರುತನ್ನು ಹಳೆಯದನ್ನು ತೆಗೆಯುವ ಮೊದಲೇ ಬರೆದಿಟ್ಟುಕೊಳ್ಳಿ.

ಟೋನ್‌ಗಳನ್ನು ಮರಳಿ ಕಳಿಸುವಾಗ ಎರಡು ಬೀಗ ತೆರೆದಿರಬೇಕು: ಸಿಸ್ಟಮ್ ಇನ್ಫರ್ಮೇಷನ್ ಅವೈಲಬಲ್ ಆಗಿರಬೇಕು, ಇಂಟರ್ನಲ್ ಮೆಮರಿ ಪ್ರೊಟೆಕ್ಟ್ ಆಫ್ ಆಗಿರಬೇಕು. ಮೆಮರಿ ಪ್ರೊಟೆಕ್ಟ್ ಪ್ರತಿ ಸಲ ಕೀಬೋರ್ಡ್ ಆನ್ ಮಾಡಿದಾಗಲೂ ತಾನಾಗಿ ಮರಳಿ ಆನ್ ಆಗುತ್ತದೆ. ‘ಕಳಿಸಿದೆ, ಏನೂ ಬರಲಿಲ್ಲ’ ಎನ್ನುವವರು ಮೊದಲು ನೋಡಬೇಕಾದ್ದು ಅದನ್ನೇ. ಇನ್ನೊಂದು ಮಾತು: ಜಪಾನಿನಿಂದ ಬಂದ ಸೆಟ್ 100 ವೋಲ್ಟ್‌ನದು. ಹಿಂಬದಿಯ ಫಲಕ ಓದದೆ ನಮ್ಮ 230 ವೋಲ್ಟ್‌ಗೆ ಸಿಕ್ಕಿಸಬೇಡಿ.

ಪ್ರಶ್ನೆ: ಇದ್ದ ಟೋನ್ ಒಂದರಲ್ಲಿ ಅಂಕಿಗಳನ್ನು ಬದಲಿಸುತ್ತೇನೆ. ಒಮ್ಮೆ ಏನೂ ಆಗುವುದಿಲ್ಲ, ಇನ್ನೊಮ್ಮೆ ಪೂರಾ ಗದ್ದಲ. ಎಲ್ಲಿಂದ ಶುರುಮಾಡಬೇಕು? (ಹುಬ್ಬಳ್ಳಿ)

ಉತ್ತರ: ಸಿದ್ಧ ಟೋನ್‌ನಿಂದ ಶುರುಮಾಡಬೇಡಿ. ಫಂಕ್ಷನ್‌ನಲ್ಲಿ 10 ಒತ್ತಿ ವಾಯ್ಸ್ ಇನಿಟ್‌ಗೆ ಯೆಸ್ ಕೊಡಿ. 1ನೇ ಆಪರೇಟರ್ ಒಂದೇ 99ರಲ್ಲಿ ಉಳಿದು, ಮಿಕ್ಕ ಐದೂ 0 ಆಗುತ್ತವೆ. ಕೇಳುವುದು ಶುದ್ಧ ಸೈನ್ ಅಲೆ.

ಡಿಎಕ್ಸ್7 ನಾದ ಕಟ್ಟುವ ಎಫ್ಎಂ (ಫ್ರೀಕ್ವೆನ್ಸಿ ಮಾಡ್ಯುಲೇಷನ್) ವಿಧಾನವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಕಂಡುಕೊಂಡವರು ಜಾನ್ ಚೌನಿಂಗ್. ಯಮಹಾ ಅಲ್ಲಿಂದ ಪರವಾನಗಿ ಪಡೆಯಿತು. ತಿರುಳು ಇಷ್ಟೇ: ಒಂದು ಸೈನ್ ಅಲೆಯನ್ನು ಇನ್ನೊಂದು ಸೈನ್ ಅಲೆ ಅತಿ ವೇಗವಾಗಿ ಅಲುಗಿಸುತ್ತದೆ. ಅಲುಗಿಸುವುದು ಮಾಡ್ಯುಲೇಟರ್, ಕಿವಿಗೆ ಬರುವುದು ಕ್ಯಾರಿಯರ್. ಕೀಬೋರ್ಡಿನ ಮೇಲೆ ಅಚ್ಚಾದ ಅಲ್ಗಾರಿದಮ್ ಚಿತ್ರದಲ್ಲಿ ಕೆಳಸಾಲಿನಲ್ಲಿರುವವು ಕ್ಯಾರಿಯರ್‌ಗಳು, ಅವುಗಳ ತಲೆಯ ಮೇಲೆ ಕೂತವು ಮಾಡ್ಯುಲೇಟರ್‌ಗಳು. ಕ್ಯಾರಿಯರ್‌ನ ಔಟ್‌ಪುಟ್ ಲೆವೆಲ್ ಬದಲಿಸಿದರೆ ಸದ್ದಿನ ಜೋರು ಬದಲಾಗುತ್ತದೆ, ಮಾಡ್ಯುಲೇಟರ್‌ನದನ್ನು ಬದಲಿಸಿದರೆ ನಾದದ ಬಣ್ಣವೇ ಬದಲಾಗುತ್ತದೆ. ನಿಮಗೆ ‘ಏನೂ ಆಗದ’ ಮತ್ತು ‘ಗದ್ದಲವಾಗುವ’ ಅನುಭವ ಎರಡಕ್ಕೂ ಕಾರಣ ಮಾಡ್ಯುಲೇಟರ್ ಅಂಕಿಯ ಅಳತೆ. ಅದು ಸಮವಾಗಿ ಏರುವುದಿಲ್ಲ. ಸುಮಾರು 8 ಅಂಕಿ ಏರಿಸಿದರೆ ಅಲುಗಾಟ ಇಮ್ಮಡಿಯಾಗುತ್ತದೆ. 50ರಲ್ಲಿ ಮಾಡ್ಯುಲೇಷನ್ ಇಂಡೆಕ್ಸ್ (ಅಲುಗಾಟದ ಅಳತೆ) ಬರೀ 0.2ರಷ್ಟು, 75ರಲ್ಲಿ 1.6, 83ರಲ್ಲಿ 3ಕ್ಕೆ ತುಸು ಮೇಲೆ, 99ರಲ್ಲಿ 13. ಹೀಗಾಗಿ 20ರಿಂದ 45ಕ್ಕೆ ತಂದರೂ ಕಿವಿಗೆ ಏನೂ ತಿಳಿಯದು, 85ರಿಂದ 95ಕ್ಕೆ ತಂದರೆ ಕಿರುಚುತ್ತದೆ. ಕೆಲಸಕ್ಕೆ ಬರುವ ಜಾಗ ಹೆಚ್ಚಾಗಿ 60ರಿಂದ 85.

ಎಡಿಟ್ ಸ್ಥಿತಿಗೆ ಬಂದು 7ನೇ ಗುಂಡಿಯಿಂದ 5ನೇ ಅಲ್ಗಾರಿದಮ್ ಆರಿಸಿ. ಅದರಲ್ಲಿ 2 ಒಂದನ್ನು, 4 ಮೂರನ್ನು, 6 ಐದನ್ನು ಅಲುಗಿಸುತ್ತದೆ, ಅಂದರೆ ಮೂರು ಬೇರೆ ಬೇರೆ ಜೋಡಿಗಳು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಲ್ಗಾರಿದಮ್ ಇಲ್ಲ. 2ನೇ ಆಪರೇಟರ್‌ನ ಲೆವೆಲ್ಲನ್ನು (27ನೇ ಗುಂಡಿ) 75ಕ್ಕೆ ಏರಿಸಿ, 18ನೇ ಗುಂಡಿಯಲ್ಲಿ ನುಡಿಸಿದ ಸ್ವರದ ಕಂಪನಕ್ಕೆ ಅದರ ಅನುಪಾತ ಬದಲಿಸುತ್ತ ಕೇಳಿ. 1.00 ಇದ್ದರೆ ಎಲ್ಲ ಹಾರ್ಮೋನಿಕ್‌ಗಳೂ (ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳು) ಬಂದು ಪಿತ್ತಾಳೆ ವಾದ್ಯ, ರೀಡ್‌ಗಳ ಕಡೆಗೆ ವಾಲುತ್ತದೆ. 2.00 ಇದ್ದರೆ ಬೆಸ ಹಾರ್ಮೋನಿಕ್ ಮಾತ್ರ, ಕ್ಲಾರಿನೆಟ್‌ನ ಟೊಳ್ಳು ನಾದ. 14.00 ಇಟ್ಟು ಲೆವೆಲ್ ಇಳಿಸಿ, ಎನ್ವಲಪ್ (ನುಡಿಸಿದ ಮೇಲೆ ಲೆವೆಲ್ ಏರಿಳಿಯುವ ಬಗೆ) ಬೇಗ ಕೆಳಗೆ ಬೀಳುವಂತೆ ಮಾಡಿದರೆ ಎಲೆಕ್ಟ್ರಿಕ್ ಪಿಯಾನೊದ ‘ಟಿಣ್’.

ಎಡಿಟ್ ಸ್ಥಿತಿಯಲ್ಲಿ 1ರಿಂದ 6ರ ಗುಂಡಿಗಳು ಆಯಾ ಆಪರೇಟರ್ ಆನ್ ಆಫ್ ಮಾಡುತ್ತವೆ, ತೆರೆಯಲ್ಲಿ ಆರು 1ಗಳ ಸಾಲು ಕಾಣುತ್ತದೆ. ಸಿದ್ಧ ಟೋನ್ ತಿದ್ದುವಾಗಲೂ ಒಂದೊಂದು ಜೋಡಿಯನ್ನು ಹೀಗೆ ಬಿಡಿಸಿ ಕೇಳಿದ ಮೇಲಷ್ಟೇ ಅಂಕಿ ಮುಟ್ಟಿ.

ಪ್ರಶ್ನೆ: ಕಛೇರಿಗೆ ಡಿಎಕ್ಸ್7ನಲ್ಲೇ ಶ್ರುತಿ ಹಿಡಿಯಬೇಕೆಂದಿದ್ದೇನೆ. ಸ, ಪ ಎರಡು ಮನೆ ಒತ್ತಿದರೆ ನಿಧಾನವಾಗಿ ತೂಗಾಡಿದಂತೆ ಕೇಳುತ್ತದೆ. ಶ್ರುತಿಪೆಟ್ಟಿಗೆಯಂತೆ ನಿಲ್ಲುವ ಟೋನ್ ಸಾಧ್ಯವೇ? (ಮೈಸೂರು)

ಉತ್ತರ: ಸಾಧ್ಯ, ಮತ್ತು ಎಫ್ಎಂ ಇದಕ್ಕೆ ಹೇಳಿಮಾಡಿಸಿದ್ದು. ತೂಗಾಟಕ್ಕೆ ಕಾರಣ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುವ ಕೀಬೋರ್ಡಿನ ಶ್ರುತಿ. ಶುದ್ಧ ಪಂಚಮ 3:2, ಅಂದರೆ 702 ಸೆಂಟ್ (ಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್). ಕೀಬೋರ್ಡಿನ ಪಂಚಮ 700. ಆ 2 ಸೆಂಟ್‌ನಿಂದ, 131 ಹರ್ಟ್ಸ್‌ನ ಷಡ್ಜದ ಮೂರನೇ ಹಾರ್ಮೋನಿಕ್ಕೂ ಪಂಚಮದ ಎರಡನೇ ಹಾರ್ಮೋನಿಕ್ಕೂ ಸುಮಾರು ಎರಡು ಸೆಕೆಂಡಿಗೊಮ್ಮೆ ಒಂದರ ಮೇಲೊಂದು ಬಡಿಯುತ್ತವೆ.

ಪರಿಹಾರ: ಪಂಚಮಕ್ಕೆ ಬೇರೆ ಮನೆ ಒತ್ತಲೇಬೇಡಿ. ಒಂದೇ ಮನೆಯಲ್ಲಿ ಮೂರು ಸ್ವರ ಬರಿಸಿ. 5ನೇ ಅಲ್ಗಾರಿದಮ್‌ನಲ್ಲಿ 1 ಮತ್ತು 2ನೇ ಆಪರೇಟರ್‌ಗೆ 1.00 ಕೊಡಿ, ಅದು ಷಡ್ಜ. 3 ಮತ್ತು 4ಕ್ಕೆ ಕೋರ್ಸ್ (18ನೇ ಗುಂಡಿ) 1, ಫೈನ್ (19ನೇ ಗುಂಡಿ) 50, ಆಗ 1.50 ಆಗಿ ಶುದ್ಧ ಪಂಚಮ. 5 ಮತ್ತು 6ಕ್ಕೆ 2.00, ತಾರಷಡ್ಜ. ಕ್ಯಾರಿಯರ್ ಲೆವೆಲ್‌ಗಳು ಕ್ರಮವಾಗಿ 99, 92, 88. ಮಾಡ್ಯುಲೇಟರ್‌ಗಳು 78, 76, 72. ಆಪರೇಟರ್ ತನ್ನನ್ನೇ ಅಲುಗಿಸುವ ಫೀಡ್‌ಬ್ಯಾಕ್ (8ನೇ ಗುಂಡಿ) 3. ಎಲ್ಲ ಆರಕ್ಕೂ ಎನ್ವಲಪ್‌ನ ಮೊದಲ ಮೂರು ಲೆವೆಲ್ 99, ನಾಲ್ಕನೆಯದು 0. ಮೊದಲ ರೇಟ್ 60ರ ಆಸುಪಾಸು, ನಾಲ್ಕನೆಯದು 45. ಶ್ರುತಿಯನ್ನು ತುಸು ಸರಿಸುವ ಡೀಟ್ಯೂನ್ ಎಲ್ಲಕ್ಕೂ 0 ಇರಲಿ. ‘ತುಂಬಿದಂತೆ ಕೇಳಲಿ’ ಎಂದು ಡೀಟ್ಯೂನ್ ಮಾಡಿದರೆ ತೂಗಾಟ ಮತ್ತೆ ಹಾಜರು. ಈ ಅಂಕಿಗಳು ಆರಂಭಕ್ಕೆ, ಮಾಡ್ಯುಲೇಟರ್‌ಗಳನ್ನು ನಿಮ್ಮ ಸ್ಪೀಕರಿಗೆ ತಕ್ಕಂತೆ ಎರಡು ಮೂರು ಅಂಕಿ ಆಚೀಚೆ ಮಾಡಿ.

ಸಾಮಾನ್ಯವಾಗಿ ತಪ್ಪುವುದು 4ನೇ ಆಪರೇಟರ್‌ನಲ್ಲಿ. 3ಕ್ಕೆ 1.50 ಕೊಟ್ಟು 4ನ್ನು 1.00ರಲ್ಲೇ ಮರೆತರೆ, ಎರಡರ ವ್ಯತ್ಯಾಸವಾದ 0.50 ಹುಟ್ಟಿ ಮಂದ್ರದಲ್ಲಿ ಒಂದು ಗುರುಗುಟ್ಟುವ ಷಡ್ಜ ಸೇರಿಕೊಳ್ಳುತ್ತದೆ. ಜೋಡಿಯ ಎರಡಕ್ಕೂ ಒಂದೇ ಅನುಪಾತ ಇರಲೇಬೇಕು.

ಮಧ್ಯಮ ಶ್ರುತಿ ಬೇಕಾದವರಿಗೆ 4:3 ಬೇಕು. ಫೈನ್ 33 ಕೊಟ್ಟರೆ 1.33 ಮಾತ್ರ ಆಗುತ್ತದೆ, 4 ಸೆಂಟ್‌ಗೂ ಹೆಚ್ಚು ಇಳಿದ ಮಧ್ಯಮ. ಅದರ ಬದಲು ಮೂರು ಜೋಡಿಗೆ 3.00, 4.00, 6.00 ಕೊಡಿ. ಅನುಪಾತ ಪೂರ್ಣಾಂಕವಾದ್ದರಿಂದ ಶುದ್ಧ. ಒತ್ತುವ ಮನೆ ಮಾತ್ರ ಷಡ್ಜಕ್ಕಿಂತ ಒಂದು ಸ್ಥಾಯಿ ಮತ್ತು ಒಂದು ಪಂಚಮ ಕೆಳಗಿನದು. ಐದೂವರೆ ಮನೆ ಹಾಡುವವರಿಗೆ ಷಡ್ಜ ಜಿ ಶಾರ್ಪ್, ಒತ್ತಬೇಕಾದ್ದು ಒಂದೂವರೆ ಮನೆ, ಅಂದರೆ ಸಿ ಶಾರ್ಪ್. ಬೇರೆ ವಾದ್ಯದೊಂದಿಗೆ ಉಳಿಯುವ 2 ಸೆಂಟ್ ವ್ಯತ್ಯಾಸವನ್ನು ಫಂಕ್ಷನ್ 1ರ ಮಾಸ್ಟರ್ ಟ್ಯೂನ್‌ನಲ್ಲಿ ಕಿವಿಯಿಂದ ಸರಿಮಾಡಿ.

ಪ್ರಶ್ನೆ: ಗಂಟೆಯ ನಾದಕ್ಕೆ ಯಾವ ಅನುಪಾತ? (ಉಡುಪಿ)

ಉತ್ತರ: ಪೂರ್ಣಾಂಕವಲ್ಲದ್ದು. ಕ್ಯಾರಿಯರ್ 1.00, ಮಾಡ್ಯುಲೇಟರ್ 1.40 ಇಟ್ಟು ನೋಡಿ, ಆಮೇಲೆ 3.50. ಫೈನ್ ಅಂಕಿ ಕೋರ್ಸ್‌ನ ಶೇಕಡಾವಾರು ಲೆಕ್ಕದಲ್ಲಿ ಸೇರುತ್ತದೆ. ಕೋರ್ಸ್ 3ರಿಂದ ಹೊರಟರೆ 3.48 ಅಥವಾ 3.51 ಸಿಗುತ್ತದೆಯೇ ಹೊರತು 3.50 ಸಿಗದು. ಕೋರ್ಸ್ 2, ಫೈನ್ 75 ಕೊಡಿ. ಮಾಡ್ಯುಲೇಟರ್‌ನ ಎನ್ವಲಪ್ ಕ್ಯಾರಿಯರ್‌ಗಿಂತ ಬೇಗ ಇಳಿಯಬೇಕು, ಏಕೆಂದರೆ ನಿಜವಾದ ಗಂಟೆಯಲ್ಲೂ ಮೊದಲು ಸಾಯುವುದು ಮೇಲಿನ ಸ್ವರಗಳೇ.

ಪ್ರಶ್ನೆ: ನಡುವಿನ ಸ್ಥಾಯಿಯಲ್ಲಿ ಚೆನ್ನಾಗಿರುವ ಟೋನ್ ಮೇಲಿನ ಸ್ಥಾಯಿಗೆ ಹೋದರೆ ಕಿವಿ ಕೊರೆಯುತ್ತದೆ, ಸಂಬಂಧವಿಲ್ಲದ ಸ್ವರವೂ ಕೇಳುತ್ತದೆ. (ಬೆಂಗಳೂರು)

ಉತ್ತರ: ಮಾಡ್ಯುಲೇಟರ್‌ನ ಬಲ ಎಲ್ಲ ಮನೆಗಳಿಗೂ ಒಂದೇ ಇದೆ. ಮೇಲಿನ ಮನೆಗಳಲ್ಲಿ ಹುಟ್ಟುವ ಹಾರ್ಮೋನಿಕ್‌ಗಳು ಡಿಜಿಟಲ್ ಮಿತಿಯನ್ನು ದಾಟಿ, ಮಡಚಿಕೊಂಡು ಕೆಳಗೆ ಬೇರೆ ಸ್ವರವಾಗಿ ಮರಳುತ್ತವೆ. ಮಾಡ್ಯುಲೇಟರ್ ಆಯ್ದುಕೊಂಡು, ಅದರ ಬಲ ಇಳಿಯತೊಡಗಬೇಕಾದ ಮನೆಯಾದ ಬ್ರೇಕ್ ಪಾಯಿಂಟ್ (23ನೇ ಗುಂಡಿ) ಸಿ3ಗೆ ಇಡಿ, ಬಲಗಡೆಯ ಕರ್ವ್ (24) ಮೈನಸ್ ಲೀನಿಯರ್, ಬಲಗಡೆಯ ಡೆಪ್ತ್ (25) 25ರಿಂದ ಏರಿಸುತ್ತ ಹೋಗಿ. ಇದನ್ನೇ ಕ್ಯಾರಿಯರ್‌ಗೆ ಮಾಡಿದರೆ ಕೊರೆತ ಹೋಗದು, ಸದ್ದು ಮಾತ್ರ ಕುಗ್ಗುತ್ತದೆ.

ಪ್ರಶ್ನೆ: ಬೆಂಡ್ ವೀಲ್‌ನಲ್ಲಿ ಗಮಕ ನುಡಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. (ಧಾರವಾಡ)

ಉತ್ತರ: ಫಂಕ್ಷನ್ 4ರಲ್ಲಿ ಬೆಂಡ್ ಸ್ಟೆಪ್ 0 ಮಾಡಿ, ಅದು 0 ಇದ್ದಾಗ ಮಾತ್ರ ಜಾರಿಕೆ ನಯ. ಫಂಕ್ಷನ್ 3ರ ರೇಂಜ್ 2 ಇದ್ದರೆ ಸಣ್ಣ ಕಂಪಿತಕ್ಕೆ ಹಿಡಿತ ಸಿಗುತ್ತದೆ, ದೊಡ್ಡ ಜಾರುವಿಗೆ 4 ಅಥವಾ 5. ಜಾರುವಿಗೆ ಇನ್ನೊಂದು ದಾರಿ ಒಂದು ಸಲಕ್ಕೆ ಒಂದೇ ಸ್ವರ ಬರುವ ಮೋನೊ ಸ್ಥಿತಿ (ಫಂಕ್ಷನ್ 2) ಮತ್ತು ಫಿಂಗರ್ಡ್ ಪೋರ್ಟಮೆಂಟೊ (ಫಂಕ್ಷನ್ 5). ಹಿಂದಿನ ಮನೆ ಬಿಡದೆ ಮುಂದಿನದು ಒತ್ತಿದಾಗ ಮಾತ್ರ ಜಾರುತ್ತದೆ, ಬಿಟ್ಟು ಒತ್ತಿದರೆ ಸ್ವರ ಬಿಡಿಯಾಗಿ ಬರುತ್ತದೆ. ಈ ಫಂಕ್ಷನ್ ಅಂಕಿಗಳು ಟೋನ್ ಜೊತೆ ಉಳಿಯುವುದಿಲ್ಲ, ಇಡೀ ಕೀಬೋರ್ಡಿಗೆ ಒಂದೇ. ಕಾರ್ಯಕ್ರಮಕ್ಕೆ ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಗಂಟೆಗಟ್ಟಲೆ ತಿದ್ದಿದ ಟೋನ್, ಬೇರೆ ನಂಬರ್ ಒತ್ತಿದ ಕೂಡಲೇ ಮಾಯವಾಯಿತು. ಸ್ಟೋರ್ ಒತ್ತಿದ್ದೆ. (ದಾವಣಗೆರೆ)

ಉತ್ತರ: ನೀವು ಎಡಿಟ್ ಸ್ಥಿತಿಯಲ್ಲೇ ಸ್ಟೋರ್ ಒತ್ತಿರಬೇಕು. ಅಲ್ಲಿ ಆ ಗುಂಡಿಯ ಕೆಲಸ ಒಂದು ಆಪರೇಟರ್‌ನ ಎನ್ವಲಪ್ಪನ್ನು ಇನ್ನೊಂದಕ್ಕೆ ನಕಲು ಮಾಡುವುದು. ಉಳಿಸುವ ಕ್ರಮ: ಇಂಟರ್ನಲ್ ಮೆಮರಿ ಪ್ರೊಟೆಕ್ಟ್ ಒತ್ತಿ ನೋ ಕೊಡಿ. ಮೆಮರಿ ಸೆಲೆಕ್ಟ್ ಇಂಟರ್ನಲ್ ಒತ್ತಿ. ಸ್ಟೋರ್ ಹಿಡಿದುಕೊಂಡೇ ಬೇಕಾದ ನಂಬರ್ ಒತ್ತಿ. ಆ ನಂಬರಿನಲ್ಲಿದ್ದ ಹಳೆಯ ಟೋನ್ ಅಳಿಯುತ್ತದೆ, ಆದ್ದರಿಂದ ಮೊದಲೇ ಎರಡು ಮೂರು ನಂಬರ್‌ಗಳನ್ನು ಖಾಲಿ ಎಂದು ಗೊತ್ತುಮಾಡಿಕೊಂಡಿರಿ.

ಕಳೆದುಹೋದದ್ದು ಈಗಲೂ ಸಿಗಬಹುದು. ಬೇರೆ ಟೋನ್ ತಿದ್ದಲು ತೊಡಗಿಲ್ಲವಾದರೆ ಫಂಕ್ಷನ್ 9, ಎಡಿಟ್ ರೀಕಾಲ್, ಯೆಸ್, ಖಾತ್ರಿ ಕೇಳಿದಾಗ ಮತ್ತೆ ಯೆಸ್. ಇನ್ನೊಂದು ಟೋನ್‌ನ ಒಂದು ಅಂಕಿ ಮುಟ್ಟಿದ್ದರೂ ಆ ಜಾಗ ಹೊಸದರಿಂದ ತುಂಬಿಹೋಗಿರುತ್ತದೆ.

ಪ್ರಶ್ನೆ: ಡೆಕ್ಸೆಡ್‌ಗೆ ಡಿಎಕ್ಸ್7ನ ಟೋನ್‌ಗಳನ್ನೇ ಹಾಕಿದ್ದೇನೆ. ಹೊಸ ಕೀಬೋರ್ಡಿನಿಂದ ನುಡಿಸಿದರೆ ಮೂಲಕ್ಕಿಂತ ಒರಟು. (ಮಂಗಳೂರು)

ಉತ್ತರ: ಡಿಎಕ್ಸ್7ನ ಸ್ವಂತ ಮನೆಗಳು ಎಷ್ಟು ಜೋರಾಗಿ ಹೊಡೆದರೂ 127ರ ವೆಲಾಸಿಟಿ (ಮನೆ ಒತ್ತಿದ ವೇಗದ ಅಂಕಿ, ಗರಿಷ್ಠ 127) ಕಳಿಸುವುದಿಲ್ಲ, ಸಾಮಾನ್ಯ ನುಡಿಸುವಿಕೆಯಲ್ಲಿ 100ರ ಸುತ್ತಲೇ ನಿಲ್ಲುತ್ತದೆ. ಟೋನ್‌ಗಳನ್ನು ಕಟ್ಟಿದ್ದು ಆ ಮಿತಿಗೆ. ಹೊಸ ಕೀಬೋರ್ಡ್ 127 ಕಳಿಸಿದಾಗ ಮಾಡ್ಯುಲೇಟರ್‌ಗಳು ಮಿತಿಮೀರಿ ಅಲುಗಿಸುತ್ತವೆ. ನಿಮ್ಮ ಕೀಬೋರ್ಡಿನ ವೆಲಾಸಿಟಿ ಕರ್ವ್‌ನಲ್ಲಿ ಗರಿಷ್ಠವನ್ನು 100ಕ್ಕೆ ಕಟ್ಟಿಹಾಕಿ. ಆ ಸೌಲಭ್ಯ ಇಲ್ಲದಿದ್ದರೆ ಮಾಡ್ಯುಲೇಟರ್‌ಗಳ ವೆಲಾಸಿಟಿ ಸೆನ್ಸಿಟಿವಿಟಿಯನ್ನು ಒಂದೊಂದು ಅಂಕಿ ಇಳಿಸಿ ಕೇಳಿ. ಹಾಗೆಯೇ, ಡಿಎಕ್ಸ್7ನಿಂದ ಹೊಸ ಪಿಯಾನೊ ಮಾಡ್ಯೂಲ್ ನುಡಿಸುವವರಿಗೆ ನಾದ ಮಂಕಾಗಿ ಕೇಳುವುದೂ ಇದೇ ಕಾರಣಕ್ಕೆ. ಅವರು ಮಾಡ್ಯೂಲಿನಲ್ಲಿ ಹಗುರ ಟಚ್ ಆರಿಸಬೇಕು.