ಗೋಡೆ ಒಡೆಯೋ ಮುಂಚೆ ಒಂದು ಬಕೆಟ್ ತಗೊಳ್ಳಿ

ಹಳೇ ಮನೆಯ ನಲ್ಲಿ, ಪೈಪು, ಬಚ್ಚಲಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ. ಈ ಸಲ ದಾವಣಗೆರೆ, ಚಿತ್ರದುರ್ಗದ ಕಡೆಯಿಂದಲೇ ಪತ್ರಗಳು ಜಾಸ್ತಿ ಬಂದಿವೆ. ಕೆಲವನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಮ್ಮದು ತಾತನ ಕಾಲದ ಮಣ್ಣಿನ ಗೋಡೆ ಮನೆ. ಟ್ಯಾಂಕ್ ತುಂಬಿದ್ದರೂ ಬಚ್ಚಲ ನಲ್ಲಿಯಲ್ಲಿ ನೀರು ದಾರದ ಹಾಗೆ ಬರುತ್ತದೆ. ಬೆಳಗ್ಗೆ ಮೊದಲು ಬಿಟ್ಟಾಗ ಕೆಂಪು ನೀರು. ಒಬ್ಬ ಪ್ಲಂಬರ್ ಗೋಡೆ ಕೊರೆದು ಎಲ್ಲಾ ಪೈಪ್ ಬದಲಿಸಬೇಕು ಅಂತಾರೆ. ಇನ್ನೊಬ್ಬರು ಪ್ರೆಶರ್ ಪಂಪ್ ಕೂರಿಸಿದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ?
(ಹಳೇ ದಾವಣಗೆರೆ)

ಉತ್ತರ: ಇಬ್ಬರದೂ ಬೇಡ. ಮೊದಲು ಒಂದು ಬಕೆಟ್ ತಗೊಳ್ಳಿ. ಟ್ಯಾಂಕಿಗೆ ಎಲ್ಲಕ್ಕಿಂತ ಹತ್ತಿರ ಇರುವ ನಲ್ಲಿಯಲ್ಲಿ ತುಂಬಿಸಿ, ಎಷ್ಟು ಹೊತ್ತು ಆಯಿತು ನೋಡಿ. ಅದೇ ಬಕೆಟ್ಟನ್ನು ಬಚ್ಚಲಲ್ಲಿ ತುಂಬಿಸಿ. ಹತ್ತಿರದ ನಲ್ಲಿಯಲ್ಲಿ ಒಂದು ನಿಮಿಷ, ಬಚ್ಚಲಲ್ಲಿ ಐದು ನಿಮಿಷ ಆದರೆ ಮಧ್ಯದ ಪೈಪು ಕಟ್ಟಿದೆ ಅಂತ ಅರ್ಥ. ಎರಡೂ ಕಡೆ ನಿಧಾನವೇ ಆದರೆ ಪೈಪಿನ ತಂಟೆಗೇ ಹೋಗಬೇಡಿ, ಟ್ಯಾಂಕಿನ ಕೆಳಗಿನ ಗೇಟ್ ವಾಲ್ವ್ ಬಿಚ್ಚಿಸಿ. ಹಳೇ ವಾಲ್ವಿನಲ್ಲಿ ಚಕ್ರ ಚೆನ್ನಾಗಿಯೇ ತಿರುಗುತ್ತದೆ, ಆದರೆ ಒಳಗಿನ ತಟ್ಟೆ ಕಳಚಿ ಕೆಳಗೇ ಕೂತಿರುತ್ತದೆ. ನಾವು ಪೂರ್ತಿ ತೆರೆದಿದ್ದೇವೆ ಅಂದುಕೊಂಡಿರುತ್ತೇವೆ. ಒಂದು ವಾಲ್ವ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಮನೆ ತುಂಬಾ ಧೂಳೆಬ್ಬಿಸಿದ ಜನರನ್ನು ನೋಡಿದ್ದೇನೆ.

ಆದರೆ ನಿಮಗೆ ಕೆಂಪು ನೀರು ಬರುತ್ತಿದೆ, ಹಾಗಾಗಿ ಪೈಪೇ ಇರಬೇಕು. ಹಳೇ ಜಿಐ ಪೈಪಿನ ಒಳಗಿನ ಸತುವಿನ ಲೇಪ ಕಾಲಕ್ರಮದಲ್ಲಿ ಹೋಗುತ್ತದೆ. ಆಮೇಲೆ ಕಬ್ಬಿಣ ತುಕ್ಕು ಹಿಡಿದು ಒಳಗೊಳಗೇ ಉಬ್ಬುತ್ತದೆ. ರಾತ್ರಿಯೆಲ್ಲಾ ಅದರಲ್ಲಿ ನಿಂತ ನೀರು ಬೆಳಗ್ಗೆ ಕೆಂಪಾಗಿ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರೂ ಸೇರಿದರೆ ಅದರ ಮೇಲೊಂದು ಸುಣ್ಣದ ಪದರ ಬೇರೆ. ನನ್ನ ಮೇಜಿನ ಮೇಲೆ ಅಂಥ ಒಂದು ಗೇಣುದ್ದ ಪೈಪಿನ ತುಂಡು ಇದೆ. ಹೊರಗಿನಿಂದ ಅರ್ಧ ಇಂಚಿನ ಗಟ್ಟಿ ಪೈಪು. ಒಳಗೆ ಊದಿನಕಡ್ಡಿ ತೂರಿಸಿದರೆ ಅಷ್ಟಕ್ಕೇ ಬಿಗಿ.

ಪ್ರೆಶರ್ ಪಂಪ್ ಯಾಕೆ ಬೇಡ ಅಂದರೆ, ಆ ತಪ್ಪನ್ನು ನಾನೇ ಮಾಡಿದ್ದೇನೆ. ಚಿಕ್ಕಮ್ಮನ ಮನೆಯಲ್ಲಿ ಇದೇ ತೊಂದರೆ ಇತ್ತು, ದೊಡ್ಡ ಜಾಣನ ಹಾಗೆ ಪಂಪ್ ಕೂರಿಸಿದೆ. ನೋಡಿ, ಹತ್ತು ಅಡಿ ಎತ್ತರದ ಟ್ಯಾಂಕಿನಿಂದ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.3 ಕೆಜಿ. ಪಂಪ್ ಅದರ ನಾಲ್ಕೈದು ಪಟ್ಟು ತಳ್ಳುತ್ತದೆ. ಹಳೇ ಜಾಯಿಂಟುಗಳನ್ನು ಹಿಡಿದುಕೊಂಡಿದ್ದದ್ದೇ ತುಕ್ಕು. ಮೊದಲ ದಿನ ನಲ್ಲಿಯಲ್ಲಿ ನೀರು ಧೋ ಅಂತ ಬಂತು, ಎಲ್ಲರೂ ಹೊಗಳಿದರು, ಚಿಕ್ಕಮ್ಮ ಬೆಣ್ಣೆ ದೋಸೆ ತರಿಸಿದರು. ನಾಲ್ಕನೇ ರಾತ್ರಿ ಗೋಡೆಯೊಳಗೆ ಎಲ್ಲೋ ಒಂದು ಜಾಯಿಂಟ್ ಬಿಟ್ಟಿತು. ಪಂಪ್ ಆಟೋಮ್ಯಾಟಿಕ್ ಅಲ್ವಾ, ಯಾರೋ ನಲ್ಲಿ ಬಿಟ್ಟಿದ್ದಾರೆ ಅಂದುಕೊಂಡು ಬೆಳಗಿನವರೆಗೂ ಓಡಿತು. ಟ್ಯಾಂಕಿನ 500 ಲೀಟರ್ ನೀರನ್ನೂ ಮಣ್ಣಿನ ಗೋಡೆ ಕುಡಿಯಿತು. ಬೆಳಗ್ಗೆ ಎದ್ದು ನೋಡಿದರೆ ಬಾಗಿಲಗಲದಷ್ಟು ಗೋಡೆ ನೆಲದ ಮೇಲೆ ಕೆಸರಾಗಿ ಬಿದ್ದಿತ್ತು. ಚಿಕ್ಕಮ್ಮ ಬಯ್ಯಲಿಲ್ಲ, ಅದೇ ಜಾಸ್ತಿ ನೋವಾಯಿತು.

ಇನ್ನು ಗೋಡೆ ಕೊರೆಯುವ ವಿಷಯ. ಮಣ್ಣಿನ ಗೋಡೆಯನ್ನು ಉದ್ದಕ್ಕೆ ಕೊರೆದರೆ ಅದರ ಬಲವೇ ಹೋಗುತ್ತದೆ. ಹೊಸ ಪೈಪು ಮುಂದೆ ಯಾವತ್ತೋ ಸೋರಿದರೂ ಗೊತ್ತಾಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಹಳೇ ಮನೆಯಲ್ಲಿ ಪೈಪು ಕಣ್ಣಿಗೆ ಕಾಣುತ್ತಿರಬೇಕು. ಹಳೇ ಜಿಐ ಪೈಪನ್ನು ಕೀಳಲೇಬೇಡಿ, ಎರಡೂ ತುದಿ ಕತ್ತರಿಸಿ ಪ್ಲಗ್ ಹಾಕಿ ಗೋಡೆಯಲ್ಲೇ ಬಿಟ್ಟುಬಿಡಿ. ಹೊಸದಾಗಿ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪನ್ನು ಗೋಡೆಯ ಹೊರಗಡೆಯಿಂದ ತನ್ನಿ. ಮುಖ್ಯ ಲೈನ್ ಒಂದು ಇಂಚು, ಬಚ್ಚಲಿಗೆ ತಿರುಗುವ ಕಡೆ ಮುಕ್ಕಾಲು, ನಲ್ಲಿಗೆ ಇಳಿಯುವ ಕಡೆ ಮಾತ್ರ ಅರ್ಧ. ಮೂರು ಅಡಿಗೊಂದು ಕ್ಲಾಂಪ್ ಬೇಕು. ಮಣ್ಣಿನ ಗೋಡೆಗೆ ಸ್ಕ್ರೂ ನಿಲ್ಲುವುದಿಲ್ಲ, ಅದಕ್ಕೆ ಮೊದಲು ಮರದ ಗೂಟ ಹೊಡೆದು ಅದಕ್ಕೆ ಕ್ಲಾಂಪ್ ಹಾಕಿಸಿ. ಪೈಪಿಗೂ ಗೋಡೆಗೂ ಮಧ್ಯೆ ಒಂದು ಬೆರಳು ಸಂದು ಇರಲಿ. ಬಿಸಿಲಿಗೆ ಬೀಳುವ ಪೈಪಿಗೆ ಗೋಡೆಯದೇ ಬಣ್ಣ ಬಳಿಸಿ, ನೀರು ಬೆರೆಸುವ ಎಮಲ್ಷನ್ ಮಾತ್ರ, ಆಯಿಲ್ ಪೇಂಟ್ ಬೇಡ. ದೂರದಿಂದ ಪೈಪು ಇದೆ ಅಂತಲೇ ಅನಿಸುವುದಿಲ್ಲ.

ಪ್ರಶ್ನೆ: ನಾವಿರುವುದು ಬೆಂಗಳೂರಲ್ಲಿ. ದಾವಣಗೆರೆಯ ಮನೆಗೆ ಹಬ್ಬಕ್ಕೆ ಬಂದು ಬಾಗಿಲು ತೆಗೆದರೆ ಬಚ್ಚಲಿಂದ ಗಟಾರದ ವಾಸನೆ. ಎರಡು ದಿನ ಇದ್ದರೆ ತಾನಾಗೇ ಹೋಗುತ್ತದೆ. ನೆಲ ಒಡೆಸಬೇಕಾ?

ಉತ್ತರ: ಬೇಡ. ನೀರು ಹೋಗುವ ಜಾಲರಿಯ ಕೆಳಗೆ ನಹಾನಿ ಟ್ರಾಪ್ ಅಂತ ಇರುತ್ತದೆ. ಅದರಲ್ಲಿ ಯಾವಾಗಲೂ ಎರಡು ಇಂಚು ನೀರು ನಿಂತಿರಬೇಕು. ಗಟಾರದ ಗಾಳಿಯನ್ನು ತಡೆಯುವುದು ಆ ನೀರೇ. ನೀವಿಲ್ಲದಾಗ ಅದು ಒಣಗುತ್ತದೆ, ಬಂದು ನಾಲ್ಕು ಚೊಂಬು ಸ್ನಾನ ಮಾಡಿದರೆ ಮತ್ತೆ ತುಂಬುತ್ತದೆ. ಊರಿಗೆ ಹೊರಡುವಾಗ ಒಂದು ಚೊಂಬು ನೀರು ಸುರಿದು ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರುವುದಿಲ್ಲ. ಮನೆಯಲ್ಲಿದ್ದಾಗಲೂ ವಾಸನೆ ಬಂದರೆ ಮಾತು ಬೇರೆ, ಆಗ ಟ್ರಾಪೇ ಇಲ್ಲದೆ ಹಳೇ ಬಚ್ಚಲ ಮೋರಿಯನ್ನು ನೇರವಾಗಿ ಒಳಚರಂಡಿಗೆ ಸೇರಿಸಿರುತ್ತಾರೆ.

ಪ್ರಶ್ನೆ: ಬಚ್ಚಲ ಪಕ್ಕದ ರೂಮಿನ ಗೋಡೆಯಲ್ಲಿ ಮೂರಡಿ ಎತ್ತರದವರೆಗೆ ಗಿಲಾವು ಉದುರುತ್ತದೆ. ಮೂರು ಸಲ ಸಿಮೆಂಟ್ ಹಾಕಿಸಿದೆವು. ಈಗ ವಾಟರ್‌ಪ್ರೂಫ್ ಕೆಮಿಕಲ್ ಬೆರೆಸಿ ಮತ್ತೆ ಹಾಕೋಣ ಅಂತಿದ್ದಾರೆ.
(ಹೊಳಲ್ಕೆರೆ)

ಉತ್ತರ: ನಾಲ್ಕನೇ ಸಲವೂ ಉದುರುತ್ತದೆ. ಮಣ್ಣು, ಸುಣ್ಣದ ಗಾರೆಯ ಗೋಡೆ ತೇವ ಹೀರುತ್ತದೆ, ಗಾಳಿಗೆ ಬಿಡುತ್ತದೆ. ಹಾಗೇ ಇಷ್ಟು ವರ್ಷ ನಿಂತಿದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಹೊರಬರಲು ದಾರಿ ಇಲ್ಲ. ಸಿಮೆಂಟಿನ ಹಿಂದೆ ಉಪ್ಪು ಕೂಡಿಕೊಂಡು ಹಪ್ಪಳದ ಹಾಗೆ ಎಬ್ಬಿಸುತ್ತದೆ. ಕೆಮಿಕಲ್ ಹಾಕಿದರೆ ತೇವ ಇನ್ನೊಂದು ಅಡಿ ಮೇಲೆ ಹತ್ತುತ್ತದೆ, ಅಷ್ಟೇ.

ಮೊದಲು ನೀರು ಎಲ್ಲಿಂದ ಅಂತ ಹುಡುಕಿ. ರಾತ್ರಿ ಎಲ್ಲಾ ನಲ್ಲಿ ಕಟ್ಟಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಬೆಳಗ್ಗೆ ಇಳಿದಿದ್ದರೆ ಪೈಪು ಅಥವಾ ಯಾವುದೋ ನಲ್ಲಿ ಸೋರುತ್ತಿದೆ. ಇಳಿದಿಲ್ಲದಿದ್ದರೆ ಬಚ್ಚಲ ನೆಲ ನೋಡಿ. ಜಾಲರಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಡಿ. ಕಲ್ಲು ಚಪ್ಪಡಿಯ ಸಂದುಗಳಲ್ಲಿ ಗಾರೆ ಹೋಗಿರುತ್ತದೆ, ಸುಮಾರು ಮನೆಗಳಲ್ಲಿ ಅಲ್ಲಿಂದಲೇ ನೀರು ಇಳಿಯುವುದು. ಅದನ್ನು ಮುಚ್ಚಿಸಿದ ಮೇಲೆ ಸಿಮೆಂಟ್ ಪೂರ್ತಿ ಕೆರೆಸಿ, ಗೋಡೆಯನ್ನು ಒಂದು ಬೇಸಿಗೆ ಬರಿ ಮೈಯಲ್ಲಿ ಒಣಗಲು ಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ನೆಂಟರು ಕೇಳುತ್ತಾರೆ, ಕೇಳಲಿ. ಆಮೇಲೆ ಚೆನ್ನಾಗಿ ಅರಳಿಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕಲಸಿ ಗಿಲಾವು ಮಾಡಿಸಿ. ಮೇಲೆ ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಕತೆ ಮತ್ತೆ ಮೊದಲಿಂದ.

ಪ್ರಶ್ನೆ: ಸರ್, ಚಿತ್ರದುರ್ಗದಲ್ಲಿ ಕೋಟೆಗೆ ಹತ್ತಿರವೇ ನಮ್ಮ ಮಾಳಿಗೆ ಮನೆ. ಅವ್ವನಿಗೆ ಮಂಡಿ ನೋವು, ರಾತ್ರಿ ಹಿತ್ತಲಿನ ಪಾಯಿಖಾನೆಗೆ ಹೋಗೋಕಾಗಲ್ಲ. ಅವರ ಕೋಣೆಗೆ ಸೇರಿದ ಹಾಗೆ ಕಮೋಡ್ ಇರುವ ಬಾತ್‌ರೂಮ್ ಕಟ್ಟಿ, ಮಾಳಿಗೆ ಮೇಲೆ 1000 ಲೀಟರ್ ಟ್ಯಾಂಕ್ ಇಡಬೇಕು ಅಂತಿದ್ದೇವೆ. ಏನು ನೋಡಿಕೊಳ್ಳಬೇಕು?

ಉತ್ತರ: ಗಾರೆಯವರನ್ನು ಕರೆಯುವ ಮುಂಚೆ ಟೇಪು ಹಿಡಿಯಿರಿ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಸ್ಮಾರಕದ ರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 100 ಮೀಟರ್ ಒಳಗಿದ್ದರೆ ಹೊಸದಾಗಿ ಕಟ್ಟುವ ಹಾಗಿಲ್ಲ. ಆದರೆ 1992ರ ಜೂನ್ 16ಕ್ಕೆ ಮುಂಚಿನಿಂದ ಇರುವ ಮನೆಯಾದರೆ ದುರಸ್ತಿಗೆ, ನವೀಕರಣಕ್ಕೆ ಅರ್ಜಿ ಹಾಕಬಹುದು. ಆಚೆಯ 200 ಮೀಟರ್‌ನಲ್ಲಿದ್ದರೂ ಕೆಲಸಕ್ಕೆ ಅನುಮತಿ ಬೇಕು. ಹಾಗಾಗಿ ಹೊರಗೆ ಹೊಸ ಗೋಡೆ ಎಬ್ಬಿಸುವ ಯೋಚನೆ ಬಿಟ್ಟು, ಒಳಗಿರುವ ಹಳೇ ಬಚ್ಚಲನ್ನೇ ಸರಿಮಾಡಿ ಕಮೋಡ್ ಕೂರಿಸಲು ಆಗುತ್ತದಾ ನೋಡಿ. ಅದಕ್ಕೂ ಅರ್ಜಿ ಕೊಟ್ಟು, ಉತ್ತರ ಬಂದ ಮೇಲೆಯೇ ನೆಲಕ್ಕೆ ಗುದ್ದಲಿ ಹಾಕಿ.

ಗುದ್ದಲಿ ಅಂದೆ ಅಲ್ವಾ, ನಮ್ಮ ಕಡೆಯ ಹಳೇ ಮನೆಗಳಲ್ಲಿ ಜೋಳ, ರಾಗಿ ತುಂಬಿಡುವ ನೆಲದಡಿಯ ಗುಂಡಿ, ಅಂದರೆ ಹಗೇವು ಇರುತ್ತಿತ್ತು. ಎಷ್ಟೋ ಕಡೆ ಬಾಯಿಗೆ ಚಪ್ಪಡಿ ಎಳೆದು ಮೇಲೆ ನೆಲ ಮಾಡಿಬಿಟ್ಟಿದ್ದಾರೆ. ಅವ್ವನನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಒನಕೆಯಿಂದ ನೆಲ ಕುಟ್ಟುತ್ತಾ ಹೋಗಿ (ದುರ್ಗದವರಿಗೆ ಒನಕೆ ಹಿಡಿಯೋದನ್ನ ನಾನೇನು ಹೇಳಿಕೊಡಲಿ). ಗಟ್ಟಿ ನೆಲದ ಸದ್ದು ಬೇರೆ, ಪೊಳ್ಳಿನ ಸದ್ದು ಬೇರೆ. ಪೊಳ್ಳು ಸಿಕ್ಕರೆ ಅದರ ಮೇಲೆ ಚರಂಡಿ ಪೈಪು ತರಬೇಡಿ, ಒಂದು ಹನಿ ಸೋರಿದರೂ ನೀರೆಲ್ಲಾ ಅಲ್ಲಿಗೇ ಇಳಿದು ನೆಲ ಕುಸಿಯುತ್ತದೆ. ಮುಚ್ಚಿದ ಹಗೇವನ್ನು ತೆರೆದರೆ ಯಾರನ್ನೂ ಒಳಗಿಳಿಸಬೇಡಿ. ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ, ಜೀವ ಹೋಗುತ್ತದೆ.

ಈಗ ಇಳಿಜಾರು. ಕಮೋಡಿನ ನಾಲ್ಕು ಇಂಚಿನ ಪೈಪು ಹತ್ತು ಅಡಿಗೆ ಎರಡು ಇಂಚು ಇಳಿಯಬೇಕು. ಪೈಪು ಹೋಗಿ ಸೇರುವ ಹೊರಗಿನ ಚರಂಡಿ ಗುಂಡಿ, ಅಂದರೆ ಚೇಂಬರ್, ಮೂವತ್ತು ಅಡಿ ದೂರ ಇದ್ದರೆ ಆರು ಇಂಚು. ನಿಮ್ಮ ಊರಲ್ಲಿ ಎಷ್ಟೋ ಕಡೆ ಒಂದಡಿ ಅಗೆದರೆ ಬಂಡೆ. ಕೆಳಗೆ ಇಳಿಸಲು ಆಗದಿದ್ದಾಗ ಕೆಲಸದವರು ಸುಲಭದ ದಾರಿ ಹಿಡಿದು ಬಾತ್‌ರೂಮಿನ ನೆಲವನ್ನೇ ಎತ್ತರಿಸುತ್ತಾರೆ. ಮಂಡಿ ನೋವಿನ ಅವ್ವನಿಗೆ ಅಂತ ಕಟ್ಟಿಸಿ ಅವರಿಗೇ ಎರಡು ಮೆಟ್ಟಿಲು! ಅದಕ್ಕೆ ಕಮೋಡನ್ನು ಚೇಂಬರಿಗೆ ಎಲ್ಲಕ್ಕಿಂತ ಹತ್ತಿರದ ಗೋಡೆಗೆ ಕೂರಿಸಿ. ಟೈಲ್ಸ್ ಡಿಸೈನ್ ಆಮೇಲೆ ನೋಡಿದರಾಯಿತು. ತಿರುವು ಬಂದ ಕಡೆ 90 ಡಿಗ್ರಿಯ ಒಂದು ಬೆಂಡ್ ಹಾಕುವ ಬದಲು 45ರ ಎರಡು ಹಾಕಿಸಿ, ಕಟ್ಟಿಕೊಳ್ಳುವುದು ಕಡಿಮೆ. ಮೇಲಿನ ಹೊಂಡ ತುಂಬಿದರೆ ನೀರು ತಾನೇ ಕೆಳಗಿನ ಹೊಂಡಕ್ಕೆ ಇಳಿಯುವ ಹಾಗೆ ಕೋಟೆಯಲ್ಲಿ ಮಾಡಿದ್ದಾರೆ, ನೋಡಿರುತ್ತೀರಿ. ಮೋಟಾರೂ ಇಲ್ಲ, ಮೀಟರೂ ಇಲ್ಲ, ಬರೀ ವಾಟ. ಇವತ್ತಿನ ಕೆಲಸದವರು ಮೂವತ್ತು ಅಡಿಗೆ ಒಂದು ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿಯಲು ಬೇಜಾರು ಪಡುತ್ತಾರೆ. ನೀವೇ ನಿಂತು ಹಿಡಿಸಿ.

ಹಿಡಿದುಕೊಂಡು ಏಳಲು ಕಂಬಿ ಬೇಕೇ ಬೇಕು. ಆದರೆ ಮಣ್ಣಿನ ಗೋಡೆಗೆ ಸ್ಕ್ರೂ ಹಾಕಿದ ಕಂಬಿ ಅವ್ವ ಜೋರಾಗಿ ಹಿಡಿದ ದಿನವೇ ಕಿತ್ತು ಬರುತ್ತದೆ. ನೆಲಕ್ಕೆ ಕೂರುವ ಸ್ಟೀಲ್ ಚೌಕಟ್ಟು ಹಾಕಿಸಿ, ಇಲ್ಲದಿದ್ದರೆ ಗೋಡೆಯ ಆರಪಾರ ಬೋಲ್ಟ್ ಹಾಕಿ ಎರಡೂ ಕಡೆ ಕಬ್ಬಿಣದ ತಟ್ಟೆ ಕೊಡಿಸಿ.

ಟ್ಯಾಂಕ್ ಮಾತ್ರ ಮಾಳಿಗೆ ಮೇಲೆ ಬೇಡವೇ ಬೇಡ. 1000 ಲೀಟರ್ ಅಂದರೆ ಒಂದು ಟನ್. ಕೆಳಗಿರುವುದು ಮರದ ತೊಲೆ, ಜಂತೆ, ಮೇಲೆ ಮಣ್ಣು. ತೊಲೆಯ ತುದಿ ಗೋಡೆಯೊಳಗೆ ತೇವಕ್ಕೆ ಎಷ್ಟು ಮೆತ್ತಗಾಗಿದೆ ಅಂತ ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಹಿತ್ತಲಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಿ, ಅದನ್ನೂ ಅರ್ಜಿಯಲ್ಲಿ ಬರೆಯಿರಿ.

ಪ್ರಶ್ನೆ: ಬಚ್ಚಲ ಒಲೆಗೆ ಕೂರಿಸಿದ ತಾಮ್ರದ ಹಂಡೆ ಇದೆ. ಮಗ ಅದನ್ನು ಕಿತ್ತು ಇನ್‌ಸ್ಟಂಟ್ ಗೀಸರ್ ಹಾಕೋಣ ಅಂತಾನೆ. ನನಗೆ ಮನಸ್ಸಿಲ್ಲ.
(ಹರಿಹರ)

ಉತ್ತರ: ಹಂಡೆ ಹಾಗೇ ಇರಲಿ ಅಮ್ಮ, ಎರಡೂ ಇಟ್ಟುಕೊಳ್ಳಬಹುದು. ಕಡಿಮೆ ಎತ್ತರದ ಟ್ಯಾಂಕಿನ ಮನೆಯಲ್ಲಿ ಎಷ್ಟೋ ಇನ್‌ಸ್ಟಂಟ್ ಗೀಸರ್‌ಗಳಿಗೆ ಬೇಕಾದಷ್ಟು ಒತ್ತಡ ಸಿಗುವುದಿಲ್ಲ. 15 ಅಥವಾ 25 ಲೀಟರಿನ ಸ್ಟೋರೇಜ್ ಗೀಸರ್ ನಿಮಗೆ ಸರಿ. ಹಂಡೆಗೆ ನಲ್ಲಿ ನೀರಿನ ಸಂಪರ್ಕ ಕೊಡುವುದಾದರೆ ಜಿಐ ಪೈಪನ್ನು ನೇರವಾಗಿ ತಾಮ್ರಕ್ಕೆ ಸೇರಿಸಬೇಡಿ, ಕಬ್ಬಿಣ ಬೇಗ ತಿಂದುಹೋಗುತ್ತದೆ. ಮಧ್ಯೆ ಒಂದು ಹಿತ್ತಾಳೆ ತುಂಡು ಇರಲಿ.

ಮಗನಿಗೆ ಒಂದು ಮಾತು ಹೇಳಿ. ಹಳೇ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ತಂತಿಯನ್ನು ಎಷ್ಟೋ ಸಲ ನೀರಿನ ಜಿಐ ಪೈಪಿಗೇ ಸುತ್ತಿರುತ್ತಾರೆ. ಪೈಪು ತೆಗೆದು ಪ್ಲಾಸ್ಟಿಕ್ ಹಾಕಿದ ದಿನವೇ ಮನೆಯ ಅರ್ಥಿಂಗ್ ಹೋಯಿತು ಅಂತ ಲೆಕ್ಕ. ಯಾರಿಗೂ ಗೊತ್ತಾಗುವುದಿಲ್ಲ, ಗೀಸರಿನಲ್ಲಿ ಶಾಕ್ ಹೊಡೆಯುವವರೆಗೆ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ನೋಡಿಸಲಿ. ಬೇಕಿದ್ದರೆ ಹಿತ್ತಲಲ್ಲಿ ಬೇರೆ ಗುಂಡಿ ತೋಡಿಸಿ ಹೊಸದಾಗಿ ಮಾಡಿಸಲಿ. ಅಲ್ಲಿಯವರೆಗೆ ಹಂಡೆಗೆ ಎರಡು ಸೌದೆ ಹಾಕಿ, ಬಿಸಿನೀರಿಗೇನೂ ಕೊರತೆಯಿಲ್ಲ.