ಓದುಗರ ಪ್ರಶ್ನೆ: ಕಾರಿನ ಮೈಮೇಲಿನ ಹೊದಿಕೆ ಎಷ್ಟು ಗೀರು ತಡೆದೀತು?

ಮಳೆಗಾಲ ಮುಗಿದು ಬಿಸಿಲು ಬಿದ್ದೊಡನೆ ಕಾರಿನ ಬಣ್ಣದ ಮೇಲಿನ ಗೀರುಗಳು ಕಣ್ಣಿಗೆ ಬೀಳತೊಡಗುತ್ತವೆ. ಈ ಸಲ ಉತ್ತರ ಕನ್ನಡದ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ವಿಷಯದವಾದ್ದರಿಂದ, ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಎಂಟು ತಿಂಗಳ ಹಿಂದೆ ಕಪ್ಪು ಬಣ್ಣದ ಹೊಸ ಕಾರು ಕೊಂಡು, ಬಣ್ಣದ ಮೇಲೆ ದ್ರವ ಸವರಿ ಒಣಗಿಸುವ ತೆಳು ಹೊದಿಕೆಯಾದ ಸೆರಾಮಿಕ್ ಕೋಟಿಂಗ್ ಮಾಡಿಸಿದೆ. ‘9ಎಚ್ ಗಟ್ಟಿತನ ಇದೆ, ಚಾಕುವಿನಿಂದ ಗೀಚಿದರೂ ಏನೂ ಆಗುವುದಿಲ್ಲ’ ಎಂದು ಅಂಗಡಿಯವರು ಹೇಳಿದ್ದರು. ಮೊನ್ನೆ ರಾತ್ರಿ ಪೆಟ್ರೋಲ್ ಬಂಕಿನ ದೀಪದ ಕೆಳಗೆ ನೋಡಿದರೆ ಬಾನೆಟ್ ತುಂಬ ಜೇಡರ ಬಲೆಯಂತೆ ಸುತ್ತು ಸುತ್ತಾದ ಗೀರುಗಳು ಕಾಣಿಸಿದವು. ನಾನು ಮೋಸ ಹೋದೆನೇ?
ಓದುಗರೊಬ್ಬರು, ಕಾರವಾರ

ಉತ್ತರ: 9ಎಚ್ ಎಂಬುದು ಇರುವ ಅಳತೆಯೇ, ಆದರೆ ಅದನ್ನು ಚಾಕುವಿಗೆ ಹೋಲಿಸಿದ್ದು ತಪ್ಪು. ಇಲ್ಲಿ ‘ಎಚ್’ ಎಂದರೆ ಪೆನ್ಸಿಲ್‌ಗಳ ಮೇಲೆ ನಾವು ಶಾಲೆಯ ದಿನಗಳಿಂದ ನೋಡುತ್ತ ಬಂದಿರುವ ಅದೇ ಅಕ್ಷರ. ಬಣ್ಣದ ಪದರದ ಗಟ್ಟಿತನ ತಿಳಿಯಲು ಪೆನ್ಸಿಲಿನ ಸೀಸದ ತುದಿಯನ್ನು ಉಜ್ಜುಕಾಗದದ ಮೇಲೆ ಚಪ್ಪಟೆ ಮಾಡಿ, 45 ಡಿಗ್ರಿ ಕೋನದಲ್ಲಿ ಹಿಡಿದು, 750 ಗ್ರಾಂ ಭಾರ ಹೇರಿ ಮೇಲ್ಮೈಯ ಮೇಲೆ ತಳ್ಳುತ್ತಾರೆ. ಮೆತ್ತನೆಯ ಪೆನ್ಸಿಲಿನಿಂದ ಗಟ್ಟಿಯ ಪೆನ್ಸಿಲಿನವರೆಗೆ ಒಂದೊಂದಾಗಿ ಪರೀಕ್ಷಿಸಿ, ಯಾವುದು ಗುರುತು ಬಿಡುವುದಿಲ್ಲವೋ ಅದನ್ನು ಗಟ್ಟಿತನದ ಅಂಕಿಯಾಗಿ ಬರೆಯುತ್ತಾರೆ. ಐಎಸ್ಒ 15184 ಎಂಬ ಮಾನಕದಲ್ಲಿರುವ ವಿಧಾನ ಇದೇ. ಅಲ್ಲಿಗೆ 9ಎಚ್ ಎಂದರೆ ಅತಿ ಗಟ್ಟಿ ಪೆನ್ಸಿಲಿಗೆ ಆ ಪದರ ಬಗ್ಗಲಿಲ್ಲ ಎಂದಷ್ಟೇ ಅರ್ಥ. ಆದರೆ ಪೆನ್ಸಿಲಿನ ಸೀಸ ಎಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ತಮ್ಮ ಕಾರಿನ ಮೇಲೆ ಕೂರುವ ಧೂಳು ಅದಲ್ಲ.

ಜರ್ಮನಿಯ ಖನಿಜವಿಜ್ಞಾನಿ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ 1ರಿಂದ 10ರ ಅಳತೆಪಟ್ಟಿ ಬೇರೆಯೇ ಇದೆ. ಅದರಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7, ಗ್ರಾಫೈಟಿಗೆ 1ರಿಂದ 2. ಈ ಎರಡು ಪಟ್ಟಿಗಳ ಅಂಕಿಗಳನ್ನು ಒಂದರೊಳಗೊಂದು ಬೆರೆಸಿ, ‘9’ ಎಂದರೆ ವಜ್ರದ ನೆರೆಯಲ್ಲಿರುವ ಗಟ್ಟಿತನ ಎಂಬ ಭಾವನೆ ಹುಟ್ಟಿಸುವುದನ್ನು ನಾನು ಹಲವು ಕಡೆ ಕೇಳಿದ್ದೇನೆ. ಗ್ರಾಹಕರಿಗೆ ಇದರಿಂದ ಆಗುವ ಹಾನಿ ಸಣ್ಣದಲ್ಲ, ಏಕೆಂದರೆ ಹೊದಿಕೆ ಇದೆಯೆಂಬ ಧೈರ್ಯದಲ್ಲಿ ಅವರು ಕಾರು ತೊಳೆಯುವ ಬಗೆಯಲ್ಲಿ ಅಸಡ್ಡೆ ಮಾಡುತ್ತಾರೆ. ಕಡಲ ದಂಡೆಯ ಮರಳಿನಲ್ಲಿ ಹೆಚ್ಚಿನ ಪಾಲು ಬೆಣಚುಕಲ್ಲಿನ ಹರಳೇ. ಅದು ಒರೆಸುವ ಬಟ್ಟೆಯಲ್ಲಿ ಸಿಕ್ಕಿಕೊಂಡರೆ 9ಎಚ್ ಎಂಬ ಚೀಟಿ ಯಾವ ರಕ್ಷಣೆಯನ್ನೂ ಕೊಡಲಾರದು.

ದಪ್ಪದ ಲೆಕ್ಕವನ್ನೂ ನೋಡೋಣ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ತುಕ್ಕು ತಡೆಯುವ ತಳಪದರ, ಪ್ರೈಮರ್, ಬಣ್ಣ, ಅದರ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಸೇರಿ 100ರಿಂದ 150 ಮೈಕ್ರಾನ್ ಇರುತ್ತದೆ, ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50. ಇದರ ಮೇಲೆ ಸವರುವ ಸೆರಾಮಿಕ್ ದ್ರವ ಒಣಗಿದ ಮೇಲೆ ಉಳಿಯುವುದು ಹೆಚ್ಚೆಂದರೆ ಒಂದೆರಡು ಮೈಕ್ರಾನ್. ಕಂಬಳಿಯ ಮೇಲೆ ಒಣಗಿದ ಹಲಸಿನ ಹಪ್ಪಳವನ್ನಿಟ್ಟು ಬೆರಳಿನಿಂದ ಒತ್ತಿ ನೋಡಿ: ಹಪ್ಪಳ ಗಟ್ಟಿಯೇ, ಆದರೆ ಕೆಳಗಿನ ಕಂಬಳಿ ತಗ್ಗುವುದರಿಂದ ಅದು ಮುರಿಯುತ್ತದೆ. ಮೆತ್ತನೆಯ ಕ್ಲಿಯರ್ ಕೋಟಿನ ಮೇಲಿರುವ ತೆಳು ಗಾಜಿನಂಥ ಪದರಕ್ಕೂ ಆಗುವುದು ಇದೇ.

ತಾವು ಕಂಡ ಗೀರುಗಳು ವಾಸ್ತವದಲ್ಲಿ ಸುತ್ತಾಗಿಲ್ಲ. ಬಾನೆಟ್ ತುಂಬ ಎಲ್ಲ ದಿಕ್ಕಿಗೂ ಹರಡಿದ ಸಣ್ಣ ನೇರ ಗೀರುಗಳಲ್ಲಿ, ದೀಪದ ಬೆಳಕಿಗೆ ಅಡ್ಡಲಾಗಿ ಇರುವವು ಮಾತ್ರ ಹೊಳೆಯುವುದರಿಂದ ದೀಪದ ಸುತ್ತ ಬಲೆ ಹೆಣೆದಂತೆ ತೋರುತ್ತದೆ. ತಾವು ಪಕ್ಕಕ್ಕೆ ಸರಿದರೆ ಆ ಬಲೆಯೂ ಸರಿಯುತ್ತದೆ, ಪರೀಕ್ಷಿಸಿ ನೋಡಿ. ಬಿಳಿ ಅಥವಾ ಬೆಳ್ಳಿ ಬಣ್ಣದ ಕಾರಿನಲ್ಲೂ ಇಷ್ಟೇ ಗೀರುಗಳಿರಬಹುದು. ಕಪ್ಪಿನಲ್ಲಿ ಎದ್ದು ಕಾಣುತ್ತವೆ ಅಷ್ಟೆ.

ಇಂಥ ಗೀರುಗಳಲ್ಲಿ ಬಹುಪಾಲು ತೊಳೆಯುವಾಗ ಮತ್ತು ಒರೆಸುವಾಗ ಬೀಳುವಂಥವು. ಕಳೆದ ವರ್ಷ ನನ್ನ ಕಾರನ್ನೇ ಒಂದು ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ. ಚಕ್ರ ಒರೆಸಿದ ಬಟ್ಟೆಯನ್ನೇ ಬಕೆಟ್ಟಿನಲ್ಲಿ ಒಮ್ಮೆ ಅದ್ದಿ ಬಾನೆಟ್ಟಿನ ಮೇಲೆ ಎಳೆಯುತ್ತಿರುವುದನ್ನು ಕಂಡು ನಿಲ್ಲಿಸುವಷ್ಟರಲ್ಲಿ ಅರ್ಧ ಬಾನೆಟ್ ಮುಗಿದಿತ್ತು. ಆ ಬಕೆಟ್ಟಿನ ನೀರು ಚೆಲ್ಲಿದಾಗ ತಳದಲ್ಲಿ ಒಂದು ಬೆರಳಿನಷ್ಟು ಕೆಮ್ಮಣ್ಣು ನಿಂತಿತ್ತು, ಎರಡು ಬೆರಳುಗಳ ನಡುವೆ ತಿಕ್ಕಿದರೆ ರವೆಯಂತೆ ತರಿತರಿಯಾಗಿತ್ತು. ಮಾರನೆಯ ದಿನ ಬಿಸಿಲಿನಲ್ಲಿ ನೋಡಿದಾಗ ಬಟ್ಟೆ ಓಡಾಡಿದ ದಾರಿಯಷ್ಟೂ ಬಾನೆಟ್ಟಿನ ಮೇಲೆ ಉಳಿದಿತ್ತು. ಆ ಕಾರಿಗೂ ಸೆರಾಮಿಕ್ ಕೋಟಿಂಗ್ ಇತ್ತು.

ಹಾಗಾದರೆ ತಾವು ಕೊಟ್ಟ ಹಣ ವ್ಯರ್ಥವೇ ಎಂದರೆ, ಅಲ್ಲ. ಈ ಪದರ ಹುಳಿ ಮತ್ತು ಕ್ಷಾರಗಳಿಗೆ ಸುಲಭವಾಗಿ ಕರಗುವುದಿಲ್ಲ, ಮೇಣದ ಪಾಲಿಶ್‌ನಂತೆ ಒಂದೆರಡು ತಿಂಗಳ ಮಳೆಗೆ ತೊಳೆದುಹೋಗುವುದೂ ಇಲ್ಲ. ನೀರನ್ನು ಹನಿಯಾಗಿಸಿ ಜಾರಿಸುವುದರಿಂದ ಕೊಳೆ ಅಂಟುವುದು ಕಡಿಮೆ; ಕೊಳೆ ಕಡಿಮೆ ಅಂಟಿದರೆ ಉಜ್ಜಾಟವೂ ಕಡಿಮೆ, ಉಜ್ಜಾಟ ಕಡಿಮೆಯಾದಷ್ಟು ಗೀರೂ ಕಡಿಮೆ. ಗೀರು ತಡೆಯುವ ಗುಣ ಅದಕ್ಕೆ ಬರುವುದು ಹೀಗೆ ಬಳಸುದಾರಿಯಲ್ಲಿ. ಆದ್ದರಿಂದ ಮೊದಲು ಬರಿಯ ನೀರು ಹಾಯಿಸಿ ಮಣ್ಣನ್ನು ಪೂರ್ತಿ ಇಳಿಸಿ, ಶಾಂಪೂ ನೀರಿಗೊಂದು, ಬಟ್ಟೆ ಜಾಲಿಸಲು ಒಂದು ಎಂದು ಎರಡು ಬಕೆಟ್ ಇಟ್ಟುಕೊಂಡು, ಚಕ್ರಗಳಿಗೆ ಬೇರೆಯೇ ಬಟ್ಟೆ ಬಳಸಿ, ಒತ್ತದೆ ತೊಳೆಯಬೇಕು. ಬೆಳಿಗ್ಗೆ ಎದ್ದು ಒಣ ಧೂಳಿನ ಮೇಲೆ ಒಣ ಬಟ್ಟೆ ಎಳೆಯುವ ರೂಢಿಯನ್ನು ದಯವಿಟ್ಟು ಇಂದೇ ಬಿಡಿ.

ಈಗಿರುವ ಗೀರುಗಳನ್ನು ತೆಗೆಸಲು ಆತುರ ಬೇಡ. ಯಂತ್ರದ ಪಾಲಿಶ್ ಎಂದರೆ ಗೀರಿನ ಸುತ್ತಲಿನ ಮೇಲ್ಮೈಯನ್ನೇ ಒಂದರಿಂದ ಮೂರು ಮೈಕ್ರಾನ್ ಸವೆಸಿ ಸಮತಟ್ಟು ಮಾಡುವುದು. ಅದರಲ್ಲಿ ಕೋಟಿಂಗ್ ಪೂರ್ತಿ ಹೋಗುತ್ತದೆ, ಕ್ಲಿಯರ್ ಕೋಟೂ ಅಷ್ಟು ತೆಳ್ಳಗಾಗುತ್ತದೆ. ಪ್ರತಿ ವರ್ಷವೂ ಹೀಗೆ ಮಾಡಿಸಿದರೆ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಪದರವೇ ಸವೆಯುತ್ತದೆ. ಮೊದಲು ತೊಳೆಯುವ ಬಗೆಯನ್ನು ಸರಿಪಡಿಸಿಕೊಂಡು, ಒಂದೆರಡು ವರ್ಷ ಬಿಟ್ಟು, ಪದರದ ದಪ್ಪ ಅಳೆಯುವ ಉಪಕರಣ ಇರುವ ಕಡೆ ಅಳತೆ ಮಾಡಿಸಿ, ಒಮ್ಮೆ ಪಾಲಿಶ್ ಮಾಡಿಸುವುದು ಮೇಲು. ಮುಂದೆ ಯಾರಾದರೂ ತಮಗೆ ಹೊಸ ಕೋಟಿಂಗ್ ತೋರಿಸಿದರೆ ಪೆನ್ಸಿಲ್ ಅಂಕಿಯ ಬದಲು ಐಎಸ್ಒ 20566 ಪರೀಕ್ಷೆಯ ಫಲ ಕೇಳಿ. ಅದರಲ್ಲಿ ಬೆಣಚುಕಲ್ಲಿನ ಪುಡಿ ಬೆರೆಸಿದ ನೀರಿನಲ್ಲಿ ತಿರುಗುವ ಬ್ರಶ್ಶಿನ ಕೆಳಗೆ ಬಣ್ಣದ ತಗಡನ್ನು ಹಾಯಿಸಿ, ಮೊದಲಿನ ಹೊಳಪು ಎಷ್ಟು ಉಳಿಯಿತೆಂದು ಅಳೆಯುತ್ತಾರೆ. ನಮ್ಮ ಬಕೆಟ್ಟು ಬಟ್ಟೆಗಳ ಕತೆಗೆ ಹತ್ತಿರವಿರುವ ಪರೀಕ್ಷೆ ಅದು.

ಪ್ರಶ್ನೆ: ತೋಟದ ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ಎರಡೂ ಕಡೆ ಪೊದೆಗಳು ಕಾರಿನ ಮೈಗೆ ಉಜ್ಜುತ್ತವೆ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವಾಗ ಮುಂದಿನ ಲಾರಿಗಳ ಚಕ್ರದಿಂದ ಕಲ್ಲು ಸಿಡಿಯುತ್ತದೆ. ಸೆರಾಮಿಕ್ ಒಳ್ಳೆಯದೋ, ಪಿಪಿಎಫ್ ಒಳ್ಳೆಯದೋ?
ಓದುಗರೊಬ್ಬರು, ಶಿರಸಿ

ಉತ್ತರ: ತಮ್ಮ ದಾರಿಗೆ ಪಿಪಿಎಫ್, ಅಂದರೆ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆಯೇ ಸರಿ. ಅದರ ದಪ್ಪ 150ರಿಂದ 200 ಮೈಕ್ರಾನ್, ಕಾರಿನ ಎಲ್ಲ ಬಣ್ಣದ ಪದರಗಳನ್ನು ಕೂಡಿಸಿದ್ದಕ್ಕಿಂತ ಹೆಚ್ಚು. ಇದರ ಮೂಲ ವಿಯೆಟ್ನಾಂ ಯುದ್ಧದ ಕಾಲದ್ದು. ಹೆಲಿಕಾಪ್ಟರುಗಳ ರೆಕ್ಕೆಯ ಅಂಚನ್ನು ಮರಳು ಮತ್ತು ಕಲ್ಲಿನ ಚೂರುಗಳಿಂದ ಕಾಯಲು ಇಂಥ ಹಾಳೆಯನ್ನು ಬಳಸಲಾಯಿತು. ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್ ಎಂಬ ಈ ವಸ್ತು ಗಟ್ಟಿತನದಿಂದ ಎದುರಿಸುವುದಿಲ್ಲ, ರಬ್ಬರಿನಂತೆ ತಗ್ಗಿ ಪೆಟ್ಟನ್ನು ನುಂಗುತ್ತದೆ. ಒಳ್ಳೆಯ ಹಾಳೆಗಳ ಮೇಲ್ಪದರದಲ್ಲಿ ಬಿದ್ದ ತೆಳು ಗೀರುಗಳು ಬಿಸಿಲಿಗೆ ಅಥವಾ ಬಿಸಿನೀರಿಗೆ ತಾವಾಗಿ ಕೂಡಿಕೊಳ್ಳುತ್ತವೆ. ಪೊದೆಯ ಕಡ್ಡಿಗಳು ಎಳೆಯುವ ಗೀರುಗಳಲ್ಲಿ ಹಲವು ಈ ಜಾತಿಯವು. ಹಾಳೆಯನ್ನೇ ಸೀಳಿದ ಗಾಯ ಮಾತ್ರ ಕೂಡುವುದಿಲ್ಲ. ಆಗ ಆ ಭಾಗದ ಹಾಳೆ ಬದಲಿಸಬೇಕು, ಬಣ್ಣ ಉಳಿದಿರುತ್ತದೆ.

ಪೂರ್ತಿ ಕಾರಿಗೆ ಹಾಕಿಸುವ ಖರ್ಚು ಕೋಟಿಂಗಿನ ಹಲವು ಪಟ್ಟು. ಅಷ್ಟು ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದಿನ ಬಂಪರ್, ಬಾನೆಟ್, ಕನ್ನಡಿಗಳ ಬೆನ್ನು, ಹಿಂದಿನ ಚಕ್ರದ ಮುಂಭಾಗ, ಬಾಗಿಲುಗಳ ಕೆಳ ಅರ್ಧ, ಇಷ್ಟಕ್ಕೆ ಹಾಕಿಸಿ ಉಳಿದ ಕಡೆ ಕೋಟಿಂಗ್ ಮಾಡಿಸಬಹುದು. ಅಗ್ಗವೆಂದು ಪಿವಿಸಿ ಹಾಳೆ ಹಾಕಿಸಬೇಡಿ, ಅದು ಬೇಗ ಹಳದಿಯಾಗಿ ಬಿರುಸಾಗುತ್ತದೆ, ಗೀರು ಕೂಡಿಕೊಳ್ಳುವ ಗುಣವೂ ಅದಕ್ಕಿಲ್ಲ. ಹಿಂದೆ ಎಲ್ಲಾದರೂ ತಾಗಿ ಬಂಪರಿಗೆ ಮತ್ತೆ ಬಣ್ಣ ಹೊಡೆಸಿದ್ದರೆ ಅದನ್ನು ಮೊದಲೇ ಹೇಳಿಬಿಡಿ. ಸರಿಯಾಗಿ ಹಿಡಿಯದ ಬಣ್ಣ ಮುಂದೊಂದು ದಿನ ಹಾಳೆ ತೆಗೆಯುವಾಗ ಅದರ ಜೊತೆಗೇ ಎದ್ದು ಬರುತ್ತದೆ. ಮಳೆಗಾಲದ ಕೆಮ್ಮಣ್ಣು ಹಾಳೆಯ ಅಂಚಿನಲ್ಲಿ ಗೆರೆಯಾಗಿ ಕೂರುವುದರಿಂದ, ಸಾಧ್ಯವಿರುವಲ್ಲೆಲ್ಲ ಅಂಚನ್ನು ತಗಡಿನ ಹಿಂದಕ್ಕೆ ಮಡಚಿ ಅಂಟಿಸುವಂತೆ ಕೇಳಿಕೊಳ್ಳಿ. ರಭಸದ ನೀರಿನ ಪೈಪನ್ನು ಆ ಅಂಚುಗಳ ಹತ್ತಿರ ಹಿಡಿಯಲು ಬಿಡಬೇಡಿ.

ಪ್ರಶ್ನೆ: ನಮ್ಮ ಮನೆ ಕಡಲಿನಿಂದ ಕೂಗಳತೆ ದೂರದಲ್ಲಿದೆ. ಕೋಟಿಂಗ್ ಮಾಡಿಸಿದರೆ ಉಪ್ಪುಗಾಳಿಯಿಂದ ತುಕ್ಕು ಹಿಡಿಯುವುದು ನಿಲ್ಲುತ್ತದೆಯೇ?
ಓದುಗರೊಬ್ಬರು, ಅಂಕೋಲಾ

ಉತ್ತರ: ನಿಲ್ಲುವುದಿಲ್ಲ. ಬಣ್ಣ ಸರಿಯಾಗಿರುವ ಕಡೆ ತುಕ್ಕು ಹುಟ್ಟುವುದೇ ಅಪರೂಪ. ಕಲ್ಲು ತಾಗಿ ಬಣ್ಣ ಎದ್ದ ಚುಕ್ಕೆ, ಬಾಗಿಲಿನ ಕೆಳಗಿನ ಮಡಿಕೆ, ಮಡ್‌ಗಾರ್ಡಿನ ಒಳಭಾಗ, ಕಾರಿನ ತಳ, ಇವೇ ಅದರ ತವರು. ಕೋಟಿಂಗಿನ ಬಟ್ಟೆ ಅಲ್ಲಿಗೆ ಹೋಗುವುದೇ ಇಲ್ಲ. ಗಾಳಿಯಲ್ಲಿ ತೇವಾಂಶ ಶೇಕಡಾ 75 ದಾಟಿದೊಡನೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಸಾಣಿಕಟ್ಟಾದ ಉಪ್ಪನ್ನು ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ರೀತಿ, ಮಳೆ ಬಾರದ ರಾತ್ರಿಯಲ್ಲೂ ಕಾರಿನ ಸಂದುಗಳಲ್ಲಿ ಕೂತ ಉಪ್ಪು ಒದ್ದೆಯಾಗಿಯೇ ಇದ್ದು ಕಬ್ಬಿಣವನ್ನು ತಿನ್ನುತ್ತದೆ. ವಾರಕ್ಕೊಮ್ಮೆ ತಳಕ್ಕೆ ಮತ್ತು ಚಕ್ರದ ಗೂಡುಗಳಿಗೆ ಸಿಹಿನೀರು ಹಾಯಿಸಿ. ಕಡಲ ಬದಿಯ ಕೆಲವು ಬಾವಿಗಳ ನೀರೇ ಸವಳಾಗಿರುತ್ತದೆ, ಅಂಥ ನೀರು ಬೇಡ. ಅದು ಬಿಸಿಲಿನಲ್ಲಿ ಒಣಗಿದರೆ ಬಣ್ಣದ ಮೇಲೆ ಬಿಳಿ ಕಲೆಗಳೂ ಉಳಿಯುತ್ತವೆ, ಕೋಟಿಂಗ್ ಇರುವ ಕಾರೂ ಇದಕ್ಕೆ ಹೊರತಲ್ಲ. ಬಣ್ಣ ಎದ್ದ ಚುಕ್ಕೆ ಕಂಡರೆ ತೊಳೆದು ಒಣಗಿಸಿ ಟಚ್‌ಅಪ್ ಬಣ್ಣ ಹಚ್ಚಿ. ಕೈಯಲ್ಲಿ ಹಣ ಸೀಮಿತವಿದ್ದರೆ ಕೋಟಿಂಗಿಗಿಂತ ಮೊದಲು ತಳಕ್ಕೆ ತುಕ್ಕುನಿರೋಧಕ ಲೇಪ ಮಾಡಿಸಿ.

ಪ್ರಶ್ನೆ: ಕಾರು ನಿಲ್ಲಿಸುವುದು ಮಾವಿನ ಮರದ ಕೆಳಗೆ. ಬಾವಲಿ ಮತ್ತು ಹಕ್ಕಿಗಳ ಹಿಕ್ಕೆ ಬೀಳುತ್ತದೆ. ಕೋಟಿಂಗ್ ಇದ್ದರೆ ರಜೆಯ ದಿನದವರೆಗೆ ಬಿಡಬಹುದೇ?
ಓದುಗರೊಬ್ಬರು, ಹೊನ್ನಾವರ

ಉತ್ತರ: ಬಿಡಬಾರದು. ಬಿಸಿಲಿಗೆ ಬಣ್ಣದ ಪದರ ಹಿಗ್ಗಿ ಮೆತ್ತಗಾಗುತ್ತದೆ, ರಾತ್ರಿ ಅಲ್ಲಿ ಒಣಗಿ ಕೂತ ಹಿಕ್ಕೆಯ ಆಕಾರಕ್ಕೇ ಗಟ್ಟಿಯಾಗುತ್ತದೆ. ಕಲೆ ಉಳಿಯುವುದು ಹಾಗೆ. ಕೋಟಿಂಗ್ ತಮಗೆ ಸ್ವಲ್ಪ ಹೆಚ್ಚು ಸಮಯ ಕೊಡುತ್ತದೆ, ಅದೂ ದಿನಗಳ ಲೆಕ್ಕದಲ್ಲಲ್ಲ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ, ಉಜ್ಜಬೇಡಿ. ಮಾವಿನ ಸೊನೆಗೂ ಇದೇ ಕ್ರಮ.

ಪ್ರಶ್ನೆ: ಕಳೆದ ವಾರ ಗೇಟಿಗೆ ತಾಗಿ ಒಂದು ಬಾಗಿಲಿಗೆ ಹೊಸದಾಗಿ ಬಣ್ಣ ಹೊಡೆಸಿದೆ. ಕೋಟಿಂಗನ್ನು ಯಾವಾಗ ಮಾಡಿಸಲಿ?
ಓದುಗರೊಬ್ಬರು, ಭಟ್ಕಳ

ಉತ್ತರ: ಗ್ಯಾರೇಜಿನಲ್ಲಿ ಹೊಡೆದ ಬಣ್ಣದೊಳಗಿನ ದ್ರಾವಕ ಪೂರ್ತಿ ಆರಿಹೋಗಲು ಸಾಮಾನ್ಯವಾಗಿ ಒಂದು ತಿಂಗಳು ಬೇಕು. ಅದಕ್ಕೆ ಮುನ್ನ ಮೇಲೆ ಮುಚ್ಚಿದರೆ ಬಣ್ಣ ಮಂಕಾಗಬಹುದು. ಕೋಟಿಂಗ್ ಸವರಿದ ಮೇಲೂ ಒಂದೆರಡು ದಿನ ನೀರು ತಾಗಬಾರದು, ಒಂದು ವಾರ ಶಾಂಪೂ ಬಳಸಬಾರದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ದ್ರವ ಬೇಗ ಬಿಗಿದುಕೊಂಡು, ಒರೆಸುವಷ್ಟರಲ್ಲಿ ಅಲ್ಲಲ್ಲಿ ಗಂಟಿನಂತೆ ಮಸುಕು ಕಲೆ ಉಳಿಯುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ದೀಪಾವಳಿ ಕಳೆದ ಮೇಲೆ, ಒಣಹವೆ ನಿಂತ ದಿನಗಳಲ್ಲಿ, ಮುಚ್ಚಿದ ಜಾಗದಲ್ಲಿ ಕೆಲಸ ಮಾಡುವವರ ಬಳಿ ಮಾಡಿಸಿ, ಮತ್ತು ಹೊಸ ಬಣ್ಣದ ಬಾಗಿಲು ಯಾವುದೆಂದು ಅವರಿಗೆ ಕೈಯಿಟ್ಟು ತೋರಿಸಿ.