ಜಪಾನಿನ ರಾತ್ರಿ ಎಂಟರ ಮನವಿ ಮತ್ತು ಜೇಬಿನಲ್ಲಿದ್ದ ಕಾರ್ಡು

ನೀವು ಕೇಳಿರುವುದು ಇದು: 'ಕೋವಿಡ್ ಕಾಲದಲ್ಲಿ ಜಪಾನಿನಲ್ಲಿ ರಾತ್ರಿ ಎಂಟರ ಮೇಲೆ ಹೊರಗೆ ಬರಬೇಡಿ ಅಂದಿದ್ದರಂತೆ, ಆದರೆ ಅದು ಕಡ್ಡಾಯವಲ್ಲವಂತೆ. ಕಡ್ಡಾಯವಲ್ಲದ ಕರ್ಫ್ಯೂವನ್ನು ಪೊಲೀಸರು ವಿದೇಶಿಯರ ಮೇಲೆ ಹೇಗೆ ಜಾರಿ ಮಾಡಿದರು? ಮುಂದಿನ ವರ್ಷ ಕೆಲಸಕ್ಕೆ ಅಲ್ಲಿಗೆ ಹೋಗುವವನಿದ್ದೇನೆ.' ಆ ಎರಡು ವರ್ಷ ನಾನು ಟೋಕಿಯೋದಲ್ಲೇ ಇದ್ದೆ, ಭಾರತೀಯರು ಹೆಚ್ಚಾಗಿರುವ ನಿಶಿ-ಕಸಾಯ್‌ನಲ್ಲಿ. ಕಂಡದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಕಾನೂನಿನ ಮಟ್ಟಿಗೆ ಉತ್ತರ ಚಿಕ್ಕದು. ಜಾರಿ ಮಾಡಲಿಲ್ಲ, ಮಾಡುವ ಅಧಿಕಾರವೇ ಪೊಲೀಸರಿಗೆ ಇರಲಿಲ್ಲ. 2020ರ ಏಪ್ರಿಲ್ 7ರಂದು ಮೊದಲ ತುರ್ತು ಪರಿಸ್ಥಿತಿ ಘೋಷಣೆಯಾದಾಗಲೂ ಸರ್ಕಾರದ ಕೈಯಲ್ಲಿದ್ದದ್ದು 'ದಯವಿಟ್ಟು ಮನೆಯಲ್ಲಿರಿ' ಎಂದು ಕೇಳಿಕೊಳ್ಳುವ ಹಕ್ಕು ಮಾತ್ರ. ನೀವು ಹೇಳುವ ರಾತ್ರಿ ಎಂಟರ ಮಾತು ಗಟ್ಟಿಯಾದದ್ದು 2021ರ ಜನವರಿ 8ರಿಂದ, ಪ್ರಧಾನಿ ಸುಗಾ ಕಾಲದ ಎರಡನೇ ಘೋಷಣೆಯಲ್ಲಿ. ಹೋಟೆಲುಗಳು ಎಂಟಕ್ಕೆ ಬಾಗಿಲು ಹಾಕಬೇಕು, ಮದ್ಯ ಏಳರವರೆಗೆ ಮಾತ್ರ, ಮಾತು ಕೇಳಿದವರಿಗೆ ದಿನಕ್ಕೆ 60,000 ಯೆನ್‌ವರೆಗೆ ಪರಿಹಾರ. ಜನರಿಗೆ ಹೇಳಿದ್ದು, ಎಂಟರ ಮೇಲೆ ಅನಗತ್ಯವಾಗಿ ಹೊರಬೀಳಬೇಡಿ ಎಂದು. ಫೆಬ್ರವರಿ 13ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆದೇಶ ಮೀರಿದ ಅಂಗಡಿಗಳಿಗೆ 3 ಲಕ್ಷ ಯೆನ್‌ವರೆಗೆ ದಂಡ ಬಂತು. ಬೀದಿಯಲ್ಲಿ ಓಡಾಡುವ ಮನುಷ್ಯನಿಗೆ ಒಂದು ಯೆನ್ ದಂಡವೂ ಇರಲಿಲ್ಲ. ಜಪಾನೀಯನಿಗೂ ಇಲ್ಲ, ನನಗೂ ಇಲ್ಲ.

ಈ ಸ್ವಯಂ ನಿಗ್ರಹಕ್ಕೆ ಅವರು 'ಜಿಶುಕು' ಎನ್ನುತ್ತಾರೆ. ಊರಿನವರಿಗೆ ಇದನ್ನು ವಿವರಿಸುವಷ್ಟರಲ್ಲಿ ನನಗೆ ಸಾಕಾಗುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕರ್ಫ್ಯೂ ಬಂದಾಗ ದಾವಣಗೆರೆಯಿಂದ ಅಮ್ಮ ಫೋನ್ ಮಾಡಿ, ಸರ್ಕಲ್‌ನಲ್ಲಿ ಪೊಲೀಸರು ಲಾಠಿ ಹಿಡಿದು ನಿಂತಿದ್ದಾರೆ, ನಿನ್ನ ತಮ್ಮನ ಬೈಕ್ ಹಿಡಿದುಕೊಂಡಿದ್ದಾರೆ ಅಂದಳು. 'ಅಲ್ಲಿ ಹೊಡೀತಾರಾ?' ಅಂತ ಕೇಳಿದಳು. ಇಲ್ಲಮ್ಮ, ಇಲ್ಲಿ ಕೈಮುಗಿದು ಕೇಳ್ತಾರೆ ಅಂದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅದಕ್ಕೂ ಎರಡು ತಿಂಗಳ ಹಿಂದೆ ನಡೆದದ್ದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ.

ಫೆಬ್ರವರಿಯ ಒಂದು ರಾತ್ರಿ, ಹತ್ತು ಗಂಟೆ ಇರಬಹುದು. ಮಗಳಿಗೆ ಹಾಲು ಮುಗಿದಿತ್ತು. ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಅಂಗಡಿಯಿಂದ ಹಾಲು ತೆಗೆದುಕೊಂಡು ಸೈಕಲ್‌ನಲ್ಲಿ ಬರುತ್ತಿದ್ದೆ. ಇಬ್ಬರು ಪೊಲೀಸರು ಅಡ್ಡ ಬಂದು ನಿಲ್ಲಿಸಿದರು. ಮಾತು ಅತ್ಯಂತ ಮೃದು. ಮೊದಲು ಕೇಳಿದ್ದು ಸೈಕಲ್ ಬಗ್ಗೆ. ಅಲ್ಲಿ ಪ್ರತಿ ಸೈಕಲ್‌ಗೂ ಕಳ್ಳತನ ತಡೆಯುವ ನೋಂದಣಿ ಸಂಖ್ಯೆಯ ಚೀಟಿ ಅಂಟಿಸಿರುತ್ತಾರೆ. ಒಬ್ಬರು ಆ ಸಂಖ್ಯೆಯನ್ನು ವೈರ್‌ಲೆಸ್‌ನಲ್ಲಿ ಓದಿ ಹೇಳಿದರು. ಸೈಕಲ್ ನನ್ನದೇ ಎಂದು ತಿಳಿದ ಮೇಲೆ ಇನ್ನೊಬ್ಬರು 'ಜೈರ್ಯೂ ಕಾರ್ಡು' ತೋರಿಸಿ ಅಂದರು. ಇದು ವಿದೇಶಿಯರ ವಾಸದ ಕಾರ್ಡು. ಮುಂಭಾಗದಲ್ಲಿ ಹೆಸರು, ಯಾವ ವೀಸಾ, ಎಂದಿನವರೆಗೆ ಇರಬಹುದು ಎಂಬುದೆಲ್ಲ ಇರುತ್ತದೆ. ಟಾರ್ಚ್ ಬಿಟ್ಟು ಓದಿದರು. ಎಲ್ಲಿ ಕೆಲಸ, ಚೀಲದಲ್ಲಿ ಏನಿದೆ, ಈ ಹೊತ್ತಿನಲ್ಲಿ ಎಲ್ಲಿಂದ ಬರುತ್ತಿದ್ದೀರಿ ಎಂದು ಕೇಳಿದರು. ಹಾಲಿನ ಡಬ್ಬಿ ತೋರಿಸಿದೆ. ಕೊನೆಗೆ ಕಾರ್ಡು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿ, ಈಗ ತುರ್ತು ಪರಿಸ್ಥಿತಿ, ರಾತ್ರಿ ಹೊರಗೆ ಬರುವುದನ್ನು ಆದಷ್ಟು ತಡೆಯಿರಿ, 'ಒನೆಗಾಯ್ ಶಿಮಾಸ್' ಎಂದು ತಲೆಬಾಗಿದರು. ಒನೆಗಾಯ್ ಶಿಮಾಸ್ ಅಂದರೆ ದಯವಿಟ್ಟು ಎಂದೇ ಅರ್ಥ.

ಹದಿನೈದು ನಿಮಿಷದ ಮಾತು. ಅಷ್ಟರಲ್ಲಿ ನಮ್ಮ ಪಕ್ಕದಲ್ಲೇ ಆರೇಳು ಜನ ಹಾದುಹೋದರು. ಕೋಟು ಹಾಕಿದ ಮೂವರು ನಗುತ್ತ, ಕೆಂಪೇರಿದ ಮುಖದಲ್ಲಿ ಹೋದರು. ಒಬ್ಬ ಹುಡುಗ ಸೈಕಲ್‌ನಲ್ಲೇ ಹೋದ. ಅವರಲ್ಲಿ ಯಾರನ್ನೂ ತಡೆಯಲಿಲ್ಲ, ಯಾರಿಗೂ ಆ ಮನವಿ ಮಾಡಲಿಲ್ಲ. ನನ್ನ ಕಣ್ಣೆದುರು ಇದ್ದದ್ದು ಮಾತ್ರ ಟಾರ್ಚಿನ ಬೆಳಕಿನಲ್ಲಿ ಆ ಕಾರ್ಡಿನ ಕೊನೆಯ ದಿನಾಂಕ. ಇನ್ನು ಐದು ತಿಂಗಳು ಉಳಿದಿತ್ತು, ನವೀಕರಣಕ್ಕೆ ಅರ್ಜಿ ಹಾಕುವವನಿದ್ದೆ. ಇವರು ಇದನ್ನು ಎಲ್ಲಾದರೂ ಬರೆದುಕೊಳ್ಳುತ್ತಾರಾ, ಅದು ಇಮಿಗ್ರೇಶನ್ ಕಚೇರಿಗೆ ಹೋಗುತ್ತದಾ ಎಂಬ ಯೋಚನೆ ಬಂತು. ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೋಗುವುದಿಲ್ಲ ಎಂದೂ ಯಾರೂ ಹೇಳಿರಲಿಲ್ಲ. ಆ ರಾತ್ರಿಯ ನಂತರ ತುರ್ತು ಪರಿಸ್ಥಿತಿ ಮುಗಿಯುವವರೆಗೆ, ಅಂದರೆ ಮಾರ್ಚ್ 21ರವರೆಗೆ, ಎಂಟರ ಮೇಲೆ ನಾನು ಹೊಸಿಲು ದಾಟಲಿಲ್ಲ.

ನಿಮ್ಮ 'ಹೇಗೆ'ಗೆ ನನ್ನ ಉತ್ತರ ಇಲ್ಲಿದೆ. ಮನವಿಗೆ ಬಲವಿರಲಿಲ್ಲ, ಅದರ ಪಕ್ಕದಲ್ಲಿ ನಿಂತಿದ್ದ ಬೇರೆ ಕಾನೂನಿಗೆ ಬಲವಿತ್ತು. ಹದಿನಾರು ತುಂಬಿದ ವಿದೇಶಿ ನಿವಾಸಿ ಈ ಕಾರ್ಡನ್ನು ಸದಾ ಜೊತೆಗೆ ಇಟ್ಟುಕೊಳ್ಳಬೇಕು. ಮರೆತು ಮನೆಯಲ್ಲಿ ಬಿಟ್ಟರೆ 2 ಲಕ್ಷ ಯೆನ್‌ವರೆಗೆ ದಂಡ. ಪೊಲೀಸರು ಕರ್ತವ್ಯದ ಮೇಲೆ ಕೇಳಿದಾಗ ತೋರಿಸದೆ ಇದ್ದರೆ ಒಂದು ವರ್ಷದವರೆಗೆ ಜೈಲೂ ಆಗಬಹುದು. ಜಪಾನೀಯರಿಗೆ ಬೀದಿಯಲ್ಲಿ ಗುರುತಿನ ಚೀಟಿ ಇಟ್ಟುಕೊಂಡೇ ಓಡಾಡಬೇಕೆಂಬ ನಿಯಮವಿಲ್ಲ. ಇನ್ನು ಬೀದಿಯಲ್ಲಿ ತಡೆದು ಪ್ರಶ್ನಿಸುವುದಕ್ಕೆ 1948ರ ಪೊಲೀಸ್ ಕರ್ತವ್ಯ ಕಾಯ್ದೆ ಇದೆ. ಆ ಪ್ರಶ್ನಿಸುವಿಕೆಗೆ 'ಶೊಕುಮು ಶಿತ್ಸುಮೊನ್' ಎನ್ನುತ್ತಾರೆ. ನಡವಳಿಕೆ ಅಥವಾ ಸನ್ನಿವೇಶ ನೋಡಿ, ಅಪರಾಧದ ಅನುಮಾನಕ್ಕೆ ಕಾರಣವಿದ್ದರೆ ಮಾತ್ರ ತಡೆಯಬಹುದು, ಉತ್ತರ ಹೇಳಲು ಬಲವಂತ ಮಾಡುವಂತಿಲ್ಲ ಎಂದು ಆ ಕಾಯ್ದೆಯೇ ಹೇಳುತ್ತದೆ. ಅಂದರೆ ಪ್ರಶ್ನೆಗೆ ಉತ್ತರಿಸುವುದು ನಮ್ಮ ಇಷ್ಟ, ಕಾರ್ಡು ತೋರಿಸುವುದು ಕಡ್ಡಾಯ. ರಾತ್ರಿ ಹತ್ತಕ್ಕೆ ಟಾರ್ಚಿನ ಬೆಳಕಿನಲ್ಲಿ, ಅರೆಬರೆ ಜಪಾನಿ ಭಾಷೆಯಲ್ಲಿ, ಈ ಎರಡನ್ನು ಬೇರ್ಪಡಿಸಿ ಮಾತಾಡುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ನನಗೆ ಬರಲಿಲ್ಲ.

ಇದು ನನ್ನೊಬ್ಬನ ಅನುಭವ ಅಂದುಕೊಳ್ಳಬೇಡಿ. ಟೋಕಿಯೋ ವಕೀಲರ ಸಂಘ 2022ರಲ್ಲಿ ವಿದೇಶಿ ಮೂಲದವರ ನಡುವೆ ಒಂದು ಸಮೀಕ್ಷೆ ಮಾಡಿತು. ಉತ್ತರಿಸಿದವರಲ್ಲಿ ಸುಮಾರು 63% ಜನ, ಹಿಂದಿನ ಐದು ವರ್ಷಗಳಲ್ಲಿ ಪೊಲೀಸರು ತಮ್ಮನ್ನು ತಡೆದು ಪ್ರಶ್ನಿಸಿದ್ದಾರೆ ಎಂದರು. 2024ರ ಜನವರಿಯಲ್ಲಿ ವಿದೇಶಿ ಮೂಲದ ಮೂವರು ಇದೇ ವಿಷಯಕ್ಕೆ ಟೋಕಿಯೋ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಅವರಲ್ಲೊಬ್ಬರು ಜಪಾನಿನ ಪೌರತ್ವವನ್ನೇ ಪಡೆದವರು. ಪೌರತ್ವ ಸಿಕ್ಕ ಮೇಲೂ ಮುಖ ನೋಡಿ ನಿಲ್ಲಿಸುತ್ತಾರೆ ಅನ್ನುವುದು ಅವರ ದೂರಿನ ತಿರುಳು. ಅದನ್ನು ಓದಿದಾಗ ನನ್ನ ಆ ಹದಿನೈದು ನಿಮಿಷಕ್ಕೆ ಒಂದು ಹೆಸರು ಸಿಕ್ಕಿದಂತಾಯಿತು.

ಭಯಕ್ಕೆ ಇನ್ನೊಂದು ಬೇರೂ ಇತ್ತು, ಅದು ಪೊಲೀಸರದ್ದಲ್ಲ. 2020ರ ಏಪ್ರಿಲ್‌ನಿಂದ ಜಪಾನ್ ಪಟ್ಟಿ ಮಾಡಿದ ದೇಶಗಳಿಗೆ ಹೋದ ವಿದೇಶಿ ನಿವಾಸಿಗಳು, ಶಾಶ್ವತ ವಾಸದ ಪರವಾನಗಿ ಇದ್ದವರೂ ಸೇರಿ, ವಾಪಸ್ ಬರುವಂತಿರಲಿಲ್ಲ. ಮೇ ಕೊನೆಗೆ ಭಾರತವೂ ಪಟ್ಟಿಗೆ ಸೇರಿತು. ಜಪಾನೀಯರು ಅದೇ ದೇಶಗಳಿಂದ ಮರಳಬಹುದಿತ್ತು. ಸೆಪ್ಟೆಂಬರ್ 1ರಿಂದ ಷರತ್ತಿನ ಮೇಲೆ ನಮಗೂ ಬಾಗಿಲು ತೆರೆದರು. ಆ ಮಧ್ಯೆ ತೀರಿಕೊಂಡ ತಂದೆಯ ಮುಖವನ್ನು ನನ್ನ ಗೆಳೆಯನೊಬ್ಬ ವಿಡಿಯೊ ಕರೆಯಲ್ಲಿ ನೋಡಿದ. ವಿಶೇಷ ಅನುಮತಿಗೆ ಅವಕಾಶವಿತ್ತು, ಆದರೆ ಹೋದರೆ ವಾಪಸ್ ಬಿಡುತ್ತಾರೆಂಬ ನಂಬಿಕೆ ಅವನಿಗಿರಲಿಲ್ಲ. ಹೆಂಡತಿ ಮಕ್ಕಳು ಟೋಕಿಯೋದಲ್ಲಿದ್ದರು. ಇಂಥದ್ದನ್ನು ಕಂಡವರಿಗೆ 'ದಯವಿಟ್ಟು' ಎಂಬ ಮಾತು ಬರೀ ದಯವಿಟ್ಟು ಎಂದು ಕೇಳಿಸುವುದಿಲ್ಲ.

ಅಕ್ಕಪಕ್ಕದ ಕಣ್ಣುಗಳೂ ಇದ್ದವು. ತೆರೆದಿದ್ದ ಅಂಗಡಿಗಳಿಗೆ ಬೆದರಿಕೆಯ ಚೀಟಿ ಅಂಟಿಸುವ, ಬೇರೆ ಪ್ರಾಂತ್ಯದ ನಂಬರ್ ಪ್ಲೇಟಿನ ಕಾರುಗಳನ್ನು ಕಾಡುವ ಜನರಿಗೆ 'ಜಿಶುಕು ಪೊಲೀಸ್' ಎಂಬ ಹೆಸರೇ ಬಿದ್ದಿತ್ತು. ಇದರಲ್ಲಿ ಜಪಾನೀಯರೂ ನೊಂದರು. ಆದರೆ 2021ರ ಮೇ ತಿಂಗಳಲ್ಲಿ ಇಬಾರಾಕಿ ಪ್ರಾಂತ್ಯದ ಒಂದು ಆರೋಗ್ಯ ಕೇಂದ್ರವೇ, ವಿದೇಶಿಯರ ಜೊತೆ ಊಟ ಮಾಡಬೇಡಿ ಎಂಬ ಸೂಚನೆ ಕಳಿಸಿತು. ಆಕ್ಷೇಪ ಬಂದ ಮೇಲೆ ಹಿಂತೆಗೆದುಕೊಂಡರು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 2020ರಲ್ಲಿ ಪ್ರತಿಯೊಬ್ಬರಿಗೆ 1 ಲಕ್ಷ ಯೆನ್ ಕೊಟ್ಟಾಗ, ನೋಂದಾಯಿತ ವಿದೇಶಿ ನಿವಾಸಿಗಳಿಗೂ ಅಷ್ಟೇ ಕೊಟ್ಟರು. ಲಸಿಕೆಯೂ ಉಚಿತವಾಗಿ ಸಿಕ್ಕಿತು. ನನ್ನ ಮೇಲೆ ಯಾರೂ ಕೈ ಎತ್ತಲಿಲ್ಲ, ದನಿ ಎತ್ತಲಿಲ್ಲ. ಅಂದು ರಾತ್ರಿ ತಡೆದ ಆ ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಒಂದೇ ರಸ್ತೆಯಲ್ಲಿ ಒಂದೇ ಮನವಿ ಒಬ್ಬನಿಗೆ ಸಲಹೆಯಾಗಿ, ಇನ್ನೊಬ್ಬನಿಗೆ ಅಪ್ಪಣೆಯಾಗಿ ಕೇಳಿಸುವ ಹಾಗೆ ವ್ಯವಸ್ಥೆ ಇದೆಯಲ್ಲ, ನೋವು ಅದಕ್ಕೆ.

ನೀವು ಹೋಗುವವರಾದ್ದರಿಂದ ಕೆಲಸಕ್ಕೆ ಬರುವ ಕೆಲವು ಮಾತು. ಕರ್ಫ್ಯೂ ಈಗಿಲ್ಲ, ಆದರೆ ಬೀದಿಯ ಪ್ರಶ್ನೆಗಳು ಇದ್ದೇ ಇವೆ. ಹಾಲು ತರಲು ಹೋದರೂ ಕಾರ್ಡು ಜೇಬಿನಲ್ಲಿರಲಿ. ಸೈಕಲ್ ಕೊಂಡ ದಿನವೇ ನಿಮ್ಮ ಹೆಸರಿಗೆ ನೋಂದಣಿ ಮಾಡಿಸಿ. ಗೆಳೆಯರ ಹಳೇ ಸೈಕಲ್ ತೆಗೆದುಕೊಂಡರೆ ಹೆಸರು ಬದಲಾಯಿಸದೆ ಓಡಿಸಬೇಡಿ, ಹೆಚ್ಚಿನ ತೊಂದರೆ ಶುರುವಾಗುವುದೇ ಅಲ್ಲಿಂದ. ತಡೆದರೆ ಓಡಬೇಡಿ, ಪೊಲೀಸರ ಮೈ ಮುಟ್ಟಬೇಡಿ, ಕಾರ್ಡು ತೋರಿಸಿ. ಆಮೇಲೆ ಶಾಂತವಾಗಿ 'ನಿನ್-ಇ ದೆಸ್ ಕಾ?' ಎಂದು ಕೇಳಿ. ಇದು ನನ್ನ ಇಷ್ಟಕ್ಕೆ ಬಿಟ್ಟದ್ದೇ ಎಂದು ಅರ್ಥ. ಚೀಲ ತೆರೆಯುವುದಕ್ಕೂ ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಬೇಕು. ಯಾಕೆ ತಡೆದಿರಿ ಎಂದು ಕೇಳುವುದು ಅಗೌರವವಲ್ಲ. ಸಮಯ, ಜಾಗ ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟುಕೊಳ್ಳಲಿಲ್ಲ, ಅದಕ್ಕೇ ಇವತ್ತು ನಿಮಗೆ 'ಫೆಬ್ರವರಿಯ ಒಂದು ರಾತ್ರಿ' ಎಂದಷ್ಟೇ ಹೇಳಬೇಕಾಯಿತು.